ಹಿಟ್ಟು ಮೆತ್ತಿದ ಡ್ರಮ್ಮು

ಸಂಜೆ ದೀಪ ಹಚ್ಚುವ ಹೊತ್ತಿಗೆ ಓನರಮ್ಮ ಬೀದಿಯ ಮೂಲೆಯ ಕಸದ ಗುಡ್ಡೆಗೆ ಬೆಂಕಿ ಹಚ್ಚುತ್ತಿದ್ದರು. ಅದನ್ನು ಅವರು ಕೆಲಸವೆಂದು ಮಾಡುತ್ತಿರಲಿಲ್ಲ, ವ್ರತವೆಂದು ಮಾಡುತ್ತಿದ್ದರು. ಮುಖ ತೊಳೆದು, ಶಾಲು ಹೊದ್ದು, ಉದ್ದನೆಯ ಕೋಲೊಂದನ್ನು ಹಿಡಿದು ಹೊರಡುವರು. ಕಸದ ಗಾಡಿ ಆ ಬೀದಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಲಿಗೆ, ನೊಣಕ್ಕೆ, ಜ್ವರಕ್ಕೆ ಎಲ್ಲಕ್ಕೂ ಬೆಂಕಿಯೇ ಮದ್ದು ಎಂಬುದು ಅವರ ನಂಬಿಕೆ. ಬೀದಿಯವರೆಲ್ಲ ಬಾಗಿಲು ಹಾಕಿ ಕೂತಿರುವಾಗ ತಾನೊಬ್ಬಳಾದರೂ ನಾಲ್ಕು ಜನಕ್ಕೆ ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಸಮಾಧಾನದಲ್ಲಿ ಉರಿ ಆರುವವರೆಗೂ ನಿಂತಿದ್ದು ಬರುವರು.

ಕೆಟ್ಟದ್ದನ್ನು ಕೆಟ್ಟದ್ದೆಂದು ತಿಳಿದು ಮಾಡುವವರನ್ನು ತಡೆಯುವುದು ಸುಲಭ. ಒಳ್ಳೆಯದೆಂದು ಮಾಡುವವರ ಕೈ ಹಿಡಿಯಲು ದೇವರೂ ಹಿಂದೆ ಮುಂದೆ ನೋಡುತ್ತಾನೆ.

ಓನರಮ್ಮನ ಕಟ್ಟಡದ ಮುಂಭಾಗದಲ್ಲಿ ಒಂದು ಬೇಕರಿ. ಅದರ ಹಿಂದೆ ಅಂಗಳ, ಅಂಗಳಕ್ಕೆ ಹೊಂದಿಕೊಂಡು ಓನರಮ್ಮನ ಮನೆ. ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಬೇಕರಿಯವನು, ಅವನ ಹೆಂಡತಿ, ಅವನ ತಾಯಿ. ಆ ತಾಯಿ, ಅಂದರೆ ನಮ್ಮ ಕತೆಯ ಅತ್ತೆ, ಗಂಡನ ಜೊತೆ ಸೇರಿ ಹಿಟ್ಟು ನಾದಿ ನಾದಿ ಬೇಕರಿಯನ್ನು ಕಟ್ಟಿದವರು. ಈಗ ಎದೆ ಕಟ್ಟಿ, ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುವಂತಾಗಿತ್ತು. ಕಿಟಕಿಯ ಪಕ್ಕ ಒಂದು ಕುರ್ಚಿ, ಅದೇ ಅವರ ಲೋಕ. ಬೆಳಗಿನ ಪ್ರಾರ್ಥನೆ ಅಲ್ಲಿ, ಸಂಜೆಯದೂ ಅಲ್ಲೇ.

ಸಂಜೆಯ ಪ್ರಾರ್ಥನೆಗೆ ಕೂತಾಗಲೇ ಹೊಗೆ ಬರುತ್ತಿತ್ತು. ಸೊಸೆ ಓಡಿ ಬಂದು ಕಿಟಕಿ ಮುಚ್ಚುವಳು. ಆದರೂ ಸಂದಿಯಲ್ಲಿ ನುಸುಳಿದಷ್ಟು ಹೊಗೆ ಸಾಕಾಗುತ್ತಿತ್ತು.

ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಔಷಧಿ ನಾನು ಕೊಡ್ತೀನಿ. ಹೊಗೆ ನೀವು ನಿಲ್ಲಿಸ್ಬೇಕು. ಆಗಲ್ಲ ಅಂದ್ರೆ ಮನೆ ಬದಲಾಯಿಸಿ. ಇನ್ನೊಂದು ಚಳಿಗಾಲ ಇದೇ ಹೊಗೇಲಿ ಕಳೆಯೋಕೆ ಇವರ ಎದೆ ಒಪ್ಪಲ್ಲ."

ಮನೆ ಬದಲಾಯಿಸುವುದೆಂದರೆ ಬೇಕರಿ ಬಿಟ್ಟಂತೆ. ನಸುಕಿಗೆ ಒಲೆ ಹಚ್ಚುವವನು ಒಲೆಯ ಹತ್ತಿರವೇ ಇರಬೇಕು. "ಓನರಮ್ಮಂಗೆ ನಾನೇ ಹೇಳ್ತೀನಿ ಅತ್ತೆ," ಎಂದಳು ಸೊಸೆ.

"ಬೇಡ." ಅತ್ತೆ ಉಸಿರೆಳೆದುಕೊಂಡರು. "ನಿಮ್ಮ ಮಾವ ಹೋದಾಗ ನಾವೆಲ್ಲ ಮೂಲೇಲಿ ಕೂತು ಅಳ್ತಿದ್ವಿ. ಆಗ ಗಲ್ಲಾದಲ್ಲಿ ನಿಂತು ಬೇಕರಿ ನಡೆಸಿದೋರು ಅವರು. ಬನ್ನು ಯಾವುದು ಬ್ರೆಡ್ಡು ಯಾವುದು ಅಂತ ಗೊತ್ತಿಲ್ದಿದ್ರೂ ನಿಂತರು. ಅಂಥೋರ ಹತ್ರ ಹೋಗಿ, ನಿಮ್ಮಿಂದ ನಮಗೆ ತೊಂದ್ರೆ ಅಂತ ಹೇಳೋ ಬಾಯಿ ನಮಗಿಲ್ಲಮ್ಮ. ಇದರ ವಿಷಯ ನೀನೂ ಬಾಯಿ ಬಿಡಬಾರದು. ನನ್ನಾಣೆ."

ಆಣೆಯ ಮೇಲೆ ಮಾತಿಲ್ಲ. ಸೊಸೆ ಬಾಯಿ ಬಿಡಲಿಲ್ಲ. ಆದರೆ ಒಂದು ಮಧ್ಯಾಹ್ನ ಆ ಗುಡ್ಡೆಯ ಹತ್ತಿರ ಹೋಗಿ ನಿಂತು ನೋಡಿದಳು. ಉರಿಯಲು ಕಾದಿದ್ದ ಕಸದಲ್ಲಿ ಅರ್ಧಕ್ಕರ್ಧ ತಮ್ಮದೇ ಬೇಕರಿಯ ಪ್ಲಾಸ್ಟಿಕ್ ಕವರುಗಳು. ತಾವು ಬ್ರೆಡ್ಡು ಸುತ್ತಿ ಕೊಟ್ಟದ್ದೇ ಹೊಗೆಯಾಗಿ ಮೆಟ್ಟಿಲು ಹತ್ತಿ ಅತ್ತೆಯ ಎದೆಗೆ ಇಳಿಯುತ್ತಿತ್ತು. ಇನ್ನೊಬ್ಬರತ್ತ ತೋರಿಸಲು ಎತ್ತಿದ್ದ ಬೆರಳನ್ನು ಅವಳು ಮೆಲ್ಲಗೆ ಮಡಚಿಕೊಂಡಳು.

ಮರುದಿನದಿಂದ ಮೈದಾ ಮೂಟೆಯ ಬಟ್ಟೆ ಒಗೆದು ಚೀಲ ಹೊಲಿಯತೊಡಗಿದಳು. ಚೀಲ ತಂದವರಿಗೆ ಒಂದು ಬನ್ನು ಉಚಿತ ಎಂದು ಬೇಕರಿಯ ಬಾಗಿಲಿಗೆ ಬರೆದು ಹಾಕಿದಳು. ಮಿಕ್ಕ ಬ್ರೆಡ್ಡು ಒಣಗಿ ಪುಡಿಯಾಯಿತು. ಆರುತ್ತಿದ್ದ ಒಲೆಯ ಮೇಲೆ ಸ್ನಾನದ ನೀರು ಕಾಯಿತು. ಪಾತ್ರೆ ತೊಳೆದ ನೀರು ಅಂಗಳದ ಗಿಡಗಳಿಗೆ ಹೋಯಿತು.

"ನೀನು ಬಂದಮೇಲೆ ನಮ್ಮನೇಲಿ ಏನನ್ನೂ ಬಿಸಾಕೋ ಹಾಗಿಲ್ಲ," ಎಂದ ಗಂಡ. "ಸದ್ಯ, ನನ್ನನ್ನೂ ಇಟ್ಕೊಂಡಿದೀಯಲ್ಲ."

"ನಿಮ್ಮನ್ನು ಒಣಗಿಸಿ ಪುಡಿ ಮಾಡೋಕೆ ಬರಲ್ಲ ನೋಡಿ, ಅದಕ್ಕೆ."

ಉಳಿದದ್ದು ಅಡುಗೆಮನೆಯ ಹಸಿ ಕಸ. ಸೊಸೆಯ ಅಪ್ಪ ತೋಟದ ಮಾಲಿ. ಗೊಬ್ಬರ ಮಾಡುವುದನ್ನು ಅವಳು ಚಿಕ್ಕಂದಿನಿಂದ ಕಂಡವಳು. ಬೇಕರಿಯ ಹಳೆಯ ಹಿಟ್ಟಿನ ಡ್ರಮ್ಮಿಗೆ ಸುತ್ತ ತೂತು ಕೊರೆದು ಅಂಗಳದ ಮೂಲೆಯಲ್ಲಿಟ್ಟಳು. ಸಿಪ್ಪೆ ಒಂದು ಪದರ, ಒಣಗಿದ ಎಲೆ ಒಂದು ಪದರ. ಆಮೇಲೆ ಓನರಮ್ಮನ ಬಾಗಿಲು ತಟ್ಟಿದಳು.

"ಅಮ್ಮಾ, ನಿಮ್ಮನೆ ಸಿಪ್ಪೆಗಿಪ್ಪೆಯೆಲ್ಲ ನನಗೆ ಕೊಡ್ತೀರಾ? ಗೊಬ್ಬರ ಮಾಡ್ತೀನಿ. ಮೂಲೆಗೆ ಹಾಕೋದು ಬೇಡ."

"ಸುಡೋಕೆ ನನಗೆ ಬೇಜಾರೇನಿಲ್ಲ ಕಣಮ್ಮ."

"ಸುಟ್ಟರೆ ಬೂದಿ. ಬಿಟ್ಟರೆ ನಿಮ್ಮ ಗುಲಾಬಿಗೆ ಊಟ."

ಗುಲಾಬಿಯ ಮಾತು ಬಂದದ್ದೇ ಓನರಮ್ಮ ಕೊಂಚ ಕರಗಿದರು. "ಸರಿ, ಒಂದು ತಿಂಗಳು ನೋಡೋಣ. ವಾಸನೆ ಬಂತೋ, ಡ್ರಮ್ಮೂ ಆಚೆ, ನಿನ್ನ ಗೊಬ್ಬರಾನೂ ಆಚೆ. ಆಮೇಲೆ ನನ್ನ ಬೆಂಕಿ ನನಗೆ."

"ಗೊಬ್ಬರ ಚೆನ್ನಾಗಿ ಬಂದ್ರೆ?"

"ಬಂದ್ರೆ ನಾನೇ ಬೀದಿಯವರಿಗೆಲ್ಲ ಹೇಳ್ತೀನಿ. ಹೇಳೋದರಲ್ಲಿ ನಾನೇನು ಕಮ್ಮಿಯಾ?"

ಅದರಲ್ಲಿ ಅವರು ಕಮ್ಮಿಯಿರಲಿಲ್ಲ. ಅದಕ್ಕೇ ಸೊಸೆಯ ಮನಸ್ಸಿನಲ್ಲಿ ಆಸೆ ಕುಡಿಯೊಡೆಯಿತು.

ಎರಡು ವಾರ ಎಲ್ಲವೂ ಸುಸೂತ್ರವಾಗಿತ್ತು. ಓನರಮ್ಮನ ಮನೆಯ ಸಿಪ್ಪೆ ಡ್ರಮ್ಮಿಗೆ ಬರುತ್ತಿತ್ತು, ಮೂಲೆಯಲ್ಲಿ ಬೀದಿಯವರ ಕಸಕ್ಕೆ ಮಾತ್ರ ಸಂಜೆಯ ಬೆಂಕಿ ನಡೆದೇ ಇತ್ತು. ಅಷ್ಟರಲ್ಲಿ ತಂಗಿಗೆ ಹೆರಿಗೆಯಾಯಿತೆಂದು ಸೊಸೆ ತವರಿಗೆ ಹೊರಟಳು. "ಅತ್ತೆ, ದಿನಾ ಸಿಪ್ಪೆ ಹಾಕಿಸಿ, ಮೇಲೆ ಒಣ ಎಲೆ ಹಾಕಿಸಿ. ಅಷ್ಟೇ ಕೆಲಸ," ಎಂದು ಹೇಳಿ ಹೋದಳು.

ಅಷ್ಟೇ ಕೆಲಸ! ಕೆಲಸವಿಲ್ಲದೆ ಕೂತು ಕೂತು ಬೇಸತ್ತಿದ್ದ ಜೀವಕ್ಕೆ ಅದು ದೇವರು ಕೊಟ್ಟ ವರದಂತೆ ಕಂಡಿತು. ಅತ್ತೆ ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ತಾವೇ ಅಂಗಳಕ್ಕೆ ಇಳಿದರು. ಡ್ರಮ್ಮನ್ನು ನೋಡಿ ಅವರಿಗೆ ಗಾಬರಿಯಾಯಿತು. ಮೈತುಂಬ ತೂತು! ಹುಳಿಯಬೇಕಾದ ವಸ್ತುವಿಗೆ ಗಾಳಿ ಸೋಕಬಾರದೆಂಬುದು ಹಿಟ್ಟಿನ ಕೆಲಸದ ಮೊದಲ ಪಾಠ. ನಾದಿದ ಹಿಟ್ಟನ್ನು ಒದ್ದೆ ಬಟ್ಟೆ ಮುಚ್ಚಿ ಬೆಚ್ಚಗಿನ ಮೂಲೆಯಲ್ಲಿಟ್ಟು ಬಾಗಿಲನ್ನೂ ಸದ್ದಿಲ್ಲದೆ ಎಳೆದುಕೊಳ್ಳುವ ಮನೆ ಅದು. ಪಾಪ, ಹುಡುಗಿಗೆ ಗೊತ್ತಾಗಿಲ್ಲ ಎಂದುಕೊಂಡರು.

ಬೇಕರಿಯಿಂದ ಹಿಟ್ಟಿನ ಮುದ್ದೆ ತರಿಸಿ ಒಂದೊಂದು ತೂತಿಗೂ ನೀಟಾಗಿ ಮೆತ್ತಿದರು. ಒಣ ಎಲೆ ಒರಟಾಯಿತೆಂದು ಬಿಟ್ಟುಬಿಟ್ಟರು. ಹಾಲಿಗೆ ಹೆಪ್ಪು ಹಾಕುವ ಹಾಗೆ ಇದಕ್ಕೂ ಒಂದು ಹೆಪ್ಪು ಬೇಡವೇ ಎಂದು, ಹಿಂದಿನ ದಿನದ ಹುಳಿಹಿಟ್ಟಿನ ದೊಡ್ಡ ಉಂಡೆಯನ್ನೇ ಒಳಗೆ ಹಾಕಿದರು. ಮುಚ್ಚಳ ಬಿಗಿದು, ಅದರ ಸುತ್ತಲೂ ಹಿಟ್ಟು ಬಳಿದರು. ಕೊನೆಗೆ ಮಗನನ್ನು ಕರೆದು ಡ್ರಮ್ಮನ್ನು ಬಿಸಿಲಿಗೆ ಸರಿಸಲು ಹೇಳಿದರು.

"ಅಮ್ಮಾ, ಇದು ಗೊಬ್ಬರವೋ ಬ್ರೆಡ್ಡೋ?" ಎಂದ ಮಗ.

"ಎರಡೂ ಒಂದೇ ಕಣೋ. ತಾಳ್ಮೆ ಇರೋನಿಗೆ ಉಬ್ಬುತ್ತೆ."

ಉಬ್ಬಿತು.

ಸೊಸೆ ತವರಿನಿಂದ ಮರಳಿ ಗೇಟು ತೆಗೆಯುವ ಹೊತ್ತಿಗೆ ಅಂಗಳದಲ್ಲಿ ಪಟಾರೆಂದು ಸದ್ದಾಯಿತು. ಮುಚ್ಚಳ ಹಾರಿ ಗುಲಾಬಿ ಕುಂಡಗಳ ನಡುವೆ ಬಿತ್ತು. ಕಂದು ಬಣ್ಣದ ನೊರೆ ಬುಸಬುಸನೆ ಉಕ್ಕಿ ಡ್ರಮ್ಮಿನ ಮೈಮೇಲೆ ಇಳಿಯಿತು. ಪಕ್ಕದ ಹಗ್ಗದ ಮೇಲೆ ಓನರಮ್ಮನ ಬಿಳಿಯ ಹಾಸಿಗೆ ಹೊದಿಕೆ ಒಣಗುತ್ತಿತ್ತು. ಅದರ ಮೇಲೆ ಆಲೂಗಡ್ಡೆ ಸಿಪ್ಪೆ, ಮೊಟ್ಟೆಯ ಓಡು, ಹಿಟ್ಟಿನ ಎಳೆಗಳು ಅಂಟಿಕೊಂಡು ಜೋತಾಡಿದವು. ಹುಳಿ ವಾಸನೆಗೆ ಬೀದಿಯ ನಾಯಿಯೂ ಮೂತಿ ತಿರುಗಿಸಿತು.

"ಬಾಮ್ಮಾ ಬಾ, ಒಳ್ಳೇ ಹೊತ್ತಿಗೆ ಬಂದೆ," ಎಂದರು ಓನರಮ್ಮ, ಹೊದಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು. "ನನ್ನ ಗುಲಾಬಿಗೆ ಊಟ ಅಂದಿದ್ದೆ. ಮದುವೆ ಊಟಾನೇ ಬಡಿಸಿದೀಯ!"

"ಅಮ್ಮಾ, ಏನಾಗಿದೆ ಅಂತ ನೋಡಿ ಹೇಳ್ತೀನಿ…"

"ನೋಡೋದೇನೂ ಬೇಡ. ಮಾತು ಅಂದ್ರೆ ಮಾತು. ಬೆಳಗಾಗೋದರೊಳಗೆ ಡ್ರಮ್ಮು ಆಚೆ."

ಸೊಸೆ ಡ್ರಮ್ಮಿನ ಹತ್ತಿರ ಕೂತು ನೋಡಿದಳು. ತೂತುಗಳಲ್ಲಿ ಒಣಗಿ ಗಟ್ಟಿಯಾದ ಹಿಟ್ಟು, ಪ್ರತಿಯೊಂದರ ಮೇಲೂ ಹೆಬ್ಬೆಟ್ಟಿನ ಒತ್ತು. ಯಾರ ಹೆಬ್ಬೆಟ್ಟು ಎಂದು ಕೇಳಬೇಕಾಗಿರಲಿಲ್ಲ. ತಲೆ ಎತ್ತಿದಳು. ಕಿಟಕಿಯಲ್ಲಿ ಅತ್ತೆಯ ಮುಖ, ತಪ್ಪು ಮಾಡಿದ ಮಗುವಿನ ಮುಖದಂತೆ ಸಣ್ಣಗಾಗಿತ್ತು.

ಅವಳು ಮೇಲೆ ಹೋಗಿ ಅತ್ತೆಯ ಕೈ ಹಿಡಿದಳು. "ಹಾಳುಮಾಡಿಬಿಟ್ಟೆ ಕಣಮ್ಮ," ಎಂದರು ಅತ್ತೆ. "ಗಾಳಿ ಹೊಕ್ಕರೆ ಕೆಡುತ್ತೆ ಅಂದ್ಕೊಂಡೆ."

"ಹಿಟ್ಟಾಗಿದ್ರೆ ನೀವು ಮಾಡಿದ್ದೇ ಸರಿ ಅತ್ತೆ. ಇದಕ್ಕೆ ಉಸಿರಾಡೋಕೆ ದಾರಿ ಬೇಕು. ಎಲ್ಲ ಮುಚ್ಚಿಟ್ಟರೆ ಒಳಗೊಳಗೇ ಕೊಳೆಯುತ್ತೆ."

ಆ ಮಾತು ಡ್ರಮ್ಮಿಗೆ ಹೇಳಿದ್ದೇ ಆದರೂ ಅತ್ತೆಯ ಮನಸ್ಸಿನಲ್ಲಿ ಬೇರೆಲ್ಲೋ ಹೋಗಿ ಕೂತಿತು.

ಸಂಜೆಯಾಯಿತು. ಸೊಸೆ ಕೆಳಗೆ ಅಂಗಳ ತೊಳೆಯುತ್ತಿದ್ದಳು. ಆ ಗಡಿಬಿಡಿಯಲ್ಲಿ ಕಿಟಕಿ ಮುಚ್ಚುವುದು ಮರೆತಿತ್ತು. ಓನರಮ್ಮ ಎಂದಿನಂತೆ ಕೋಲು ಹಿಡಿದು ಹೊರಟರು. ಸಿಟ್ಟಿನ ಕೈ ಆದ್ದರಿಂದ ಅಂದು ಬೆಂಕಿಯೂ ದೊಡ್ಡದಾಯಿತು. ಆದರೆ ಅಂದು ಅವರು ಉರಿ ಆರುವವರೆಗೆ ನಿಲ್ಲಲಿಲ್ಲ. ಎಷ್ಟು ತಿಕ್ಕಿದರೂ ಹೋಗದ ಕಲೆಯ ಹೊದಿಕೆಯನ್ನು ತೋಳಮೇಲೆ ಹಾಕಿಕೊಂಡು, ಮನೆಯ ಹಿರಿಯರಿಗೇ ನಾಲ್ಕು ಮಾತು ಹೇಳಬೇಕೆಂದು ಮೆಟ್ಟಿಲು ಹತ್ತಿದರು. ಆ ಹೊತ್ತಿನಲ್ಲಿ ಅವರು ಮೇಲಿನ ಮನೆಗೆ ಬಂದದ್ದು ಅದೇ ಮೊದಲು.

"ಅಕ್ಕಾ, ನೋಡಿ ನಿಮ್ಮ ಸೊಸೆ ಮಾಡಿರೋ ಘನಕಾರ್ಯ!"

"ಅವಳಲ್ಲ," ಎಂದರು ಅತ್ತೆ ಎದ್ದು ನಿಲ್ಲಲು ನೋಡುತ್ತ. "ನಾನು. ತೂತಿಗೆಲ್ಲ ಹಿಟ್ಟು ಮೆತ್ತಿದ್ದು ನಾನು. ಅವಳನ್ನ ಬೈಬೇಡಿ, ತಪ್ಪು…"

ಮುಂದಿನ ಮಾತು ಬರಲಿಲ್ಲ. ಕಿಟಕಿಯಿಂದ ಹೊಗೆ ಕೋಣೆಯೊಳಗೆ ನುಗ್ಗಿತ್ತು. ಅತ್ತೆ ಕುರ್ಚಿಯ ಕೈ ಹಿಡಿದು ಬಗ್ಗಿದರು. ಅಳುತ್ತಿದ್ದಾರೆಂದು ತಿಳಿದು ಓನರಮ್ಮ, "ಅಯ್ಯೋ, ಒಂದು ಬಟ್ಟೆಗೆ ಯಾರಾದ್ರೂ ಅಳ್ತಾರಾ, ಬಿಡಿ," ಎಂದರು. ಆಮೇಲೆ ಮುಖ ನೋಡಿದರು. ತುಟಿ ನೀಲಿಗಟ್ಟಿತ್ತು. ಎದೆಯೊಳಗಿನಿಂದ ತುಕ್ಕು ಹಿಡಿದ ಬಾಗಿಲಿನಂಥ ಸದ್ದು ಬರುತ್ತಿತ್ತು.

ಓನರಮ್ಮ ಕಿಟಕಿ ಮುಚ್ಚಲು ಓಡಿದರು. ಕದಕ್ಕೆ ಕೈ ಹಾಕಿದವರು ಅಲ್ಲೇ ನಿಂತರು. ಕೆಳಗೆ ತಮ್ಮ ಬೆಂಕಿ ಕಾಣುತ್ತಿತ್ತು. ಇಷ್ಟು ಕಾಲ ಅದನ್ನು ಅವರು ಬೀದಿಯಲ್ಲಿ ನಿಂತೇ ನೋಡಿದ್ದರು. ಕೆಳಗೆ ನಿಂತವರಿಗೆ ಹೊಗೆಯೆಂದರೆ ಆಕಾಶಕ್ಕೆ ಹೋಗುವ ವಸ್ತು. ಆದರೆ ಆಕಾಶಕ್ಕಿಂತ ಮೊದಲು ಈ ಕಿಟಕಿ ಇತ್ತು.

ಕದ ಎಳೆದು ಹಾಕಿ, ಕೆಮ್ಮುತ್ತ ಅವರು ಮೆಟ್ಟಿಲಿಳಿದರು. ಎದುರಿಗೆ ಸಿಕ್ಕ ಸೊಸೆಗೆ, "ಮೇಲೆ ಹೋಗು, ಅಕ್ಕನ್ನ ನೋಡು!" ಎಂದು ಕೂಗಿ, ಹೊದಿಕೆ ನೆನೆಸಿಟ್ಟಿದ್ದ ಸೋಪಿನ ನೀರಿನ ಬಕೆಟ್ಟನ್ನೇ ಎತ್ತಿಕೊಂಡು ಬೀದಿಗೆ ಓಡಿದರು. ಬೆಂಕಿ ಚುರ್ರೆಂದಿತು. ಇನ್ನೊಂದು ಬಕೆಟ್ಟು, ಮತ್ತೊಂದು ಬಕೆಟ್ಟು. ಬೇಕರಿಯವನೂ ಬಂದು ಕೈಜೋಡಿಸಿದ.

ಮೇಲೆ ಸೊಸೆ ಉಸಿರಿನ ಔಷಧಿಯ ಪಂಪನ್ನು ಅತ್ತೆಯ ಬಾಯಿಗೆ ಹಿಡಿದು, ಬೆನ್ನು ನೀವುತ್ತಿದ್ದಳು. ಉಸಿರು ಹದಕ್ಕೆ ಬಂದ ಮೇಲೆ ಓನರಮ್ಮ ಒದ್ದೆ ಬಟ್ಟೆಯಲ್ಲೇ ಬಂದು ನೆಲದ ಮೇಲೆ ಕೂತರು.

"ಯಾವಾಗಿಂದ ಅಕ್ಕಾ ಇದು?"

ಅತ್ತೆ ಮುಚ್ಚಿದ ಕಿಟಕಿಯ ಕಡೆ ನೋಡಿದರು.

"ನಿಮಗೆ ಬಾಯಿರಲಿಲ್ವಾ?"

"ಇತ್ತು," ಎಂದರು ಅತ್ತೆ. "ನಿಮ್ಮ ಉಪಕಾರ ನೆನೆದು ಮುಚ್ಕೊಂಡಿದ್ದೆ."

"ಉಪಕಾರ ಮಾಡಿದ್ದು ನೀವು ಬದುಕಲಿ ಅಂತ. ಉಸಿರು ಕಟ್ಕೊಂಡು ಕೂರಲಿ ಅಂತಲ್ಲ." ಓನರಮ್ಮ ಒದ್ದೆ ಸೆರಗನ್ನು ಹಿಂಡಿದರು. "ನಾನು ದೇವರ ಕೆಲಸ ಅಂದ್ಕೊಂಡು ಮಾಡ್ತಿದ್ದೆ ಕಣಕ್ಕ. ದಿನಾ ಮುಖ ತೊಳ್ಕೊಂಡು ಹೋಗಿ ಮಾಡ್ತಿದ್ದೆ."

"ದೇವರಿಗೆ ಗೊತ್ತು," ಎಂದರು ಅತ್ತೆ. "ನನ್ನ ಹಿಟ್ಟೂ ಅವನಿಗೆ ಗೊತ್ತು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಯಾರೋ, ಹೇಳಲಾರೆ. ಅತ್ತೆ ನಗಲು ಹೋಗಿ ಮತ್ತೆ ಕೆಮ್ಮಿದರು. ಸೊಸೆ ಇಬ್ಬರನ್ನೂ ಗದರಿದಳು.

ಡ್ರಮ್ಮು ಆಚೆ ಹೋಗಲಿಲ್ಲ. ಸೊಸೆ ತೂತುಗಳನ್ನೆಲ್ಲ ಬಿಡಿಸಿ, ಒಣ ಎಲೆ ಧಾರಾಳವಾಗಿ ಬೆರೆಸಿ, ನೆರಳಿಗೆ ಸರಿಸಿದಳು. ಬೀದಿ ಒಂದೇ ದಿನಕ್ಕೆ ಬದಲಾಗಲಿಲ್ಲ. ಜನ ಮೂಲೆಗೆ ಕಸ ತಂದು ಸುರಿಯುವುದು ನಡೆದೇ ಇತ್ತು. ಆದರೆ ಸಂಜೆ ಅಲ್ಲಿ ಓನರಮ್ಮ ಕೋಲೂರಿ ನಿಂತಿರುತ್ತಿದ್ದರು. "ಏನಪ್ಪಾ, ಸಿಪ್ಪೆ ಜೊತೆ ಕವರೂ ಸೇರಿಸಿದೀಯ? ನಿನ್ನ ಹೆಂಡ್ತಿ ನಿನ್ನ ಬಟ್ಟೇನೂ ಪಾತ್ರೇನೂ ಒಟ್ಟಿಗೇ ತೊಳೀತಾಳಾ?" ಬೆಂಕಿಗೆ ಹೆದರದ ಇಲಿಗಳಿದ್ದವು, ಅವರ ಬಾಯಿಗೆ ಹೆದರದ ಮನುಷ್ಯರಿರಲಿಲ್ಲ. ಎದುರುಮನೆಯ ದರ್ಜಿ ಒಂದು ಹಳೆಯ ಬಕೆಟ್ಟಿಗೆ ತೂತು ಕೊರೆಸಿಕೊಂಡು ಹೋದ. ಅವನನ್ನು ನೋಡಿ ಇಸ್ತ್ರಿಯವಳೂ ಬಂದಳು. ಒಣ ಕಸವನ್ನು ಮೂಟೆ ಕಟ್ಟಿಟ್ಟರೆ ಗುಜರಿಯವನು ಕೊಂಡೊಯ್ಯಲು ಒಪ್ಪಿದ. ಪಕ್ಕದ ಬೀದಿಯಿಂದ ಒಮ್ಮೊಮ್ಮೆ ಹೊಗೆ ತೇಲಿ ಬರುತ್ತಿತ್ತು. ಓನರಮ್ಮ ಆ ದಿಕ್ಕಿಗೂ ಒಂದು ಕಣ್ಣಿಟ್ಟಿದ್ದರು.

ಚಳಿ ಶುರುವಾದ ಒಂದು ಸಂಜೆ ಪ್ರಾರ್ಥನೆ ಮುಗಿಸಿ ಅತ್ತೆ ಅಂಗಳಕ್ಕೆ ಇಳಿದರು. ನಡುವೆ ಒಮ್ಮೆ ಮಾತ್ರ ನಿಂತರು. ಸೊಸೆ ಡ್ರಮ್ಮಿನ ಮುಚ್ಚಳ ಸರಿಸಿದಳು. ಅತ್ತೆ ಕೈ ಹಾಕಿ ಒಂದು ಹಿಡಿ ತೆಗೆದು, ಬೆರಳ ನಡುವೆ ಉಜ್ಜಿ, ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ದೀರ್ಘವಾಗಿ ಉಸಿರೆಳೆದರು. ಮಳೆ ಬಿದ್ದ ನೆಲದ ವಾಸನೆ.

"ಹೇಗಿದೆ ಅಕ್ಕಾ?" ಎಂದರು ಓನರಮ್ಮ, ಗುಲಾಬಿ ಕುಂಡವೊಂದನ್ನು ಆಗಲೇ ಎತ್ತಿಕೊಂಡು ನಿಂತು.

"ಕುಂಡ ಕೆಳಗಿಡಿ. ಇನ್ನೂ ಹದಕ್ಕೆ ಬಂದಿಲ್ಲ, ಅವಸರ ಮಾಡಿ ತೆಗೆದರೆ ಹಸಿಯಾಗೇ ಉಳಿಯುತ್ತೆ, ಇನ್ನೊಂದು ಸ್ವಲ್ಪ ದಿನ ಅದರ ಪಾಡಿಗೆ ಅದನ್ನು ಬಿಡಿ," ಎಂದರು ಅತ್ತೆ.

ಅಷ್ಟುದ್ದದ ಮಾತನ್ನು ಅವರು ನಡುವೆ ಎಲ್ಲೂ ನಿಲ್ಲದೆ ಹೇಳಿ ಮುಗಿಸಿದ್ದರು. ಸೊಸೆ ಅದನ್ನು ಗಮನಿಸಿದಳು. ಮುಚ್ಚಳವನ್ನು ಹಗುರಾಗಿ ಮೇಲಿಟ್ಟಳು.