ಇಪ್ಪತ್ತಮೂರು ಮೀಟರ್ ಕೆಳಗಿನ ಗೌರಿ

೧

ಕಥೆಯನ್ನು ಎಲ್ಲಿಂದ ಹಿಡಿಯುವುದು? ಇಷ್ಟು ದಿನ ಮಣ್ಣಿನಿಂದ ಹಿಡಿಯುತ್ತಿದ್ದೆ. ಎರೆಯೋ ಕೆಂಪೋ ಎಂದು ಹೇಳಿಬಿಟ್ಟರೆ ಬೆಳೆ, ಬಾವಿಯ ಆಳ, ಮನೆಯ ಗೋಡೆ, ಆ ಮನೆಯವರ ಸಿಟ್ಟುಸೆಡವು ಎಲ್ಲವೂ ತಾವಾಗಿ ಹಿಂದೆ ಬರುತ್ತಿದ್ದವು. ಅದೇ ಅಭ್ಯಾಸದಲ್ಲಿ ಸಿಂಗಪುರದ ಕಥೆಗೂ ಮೊದಲ ವಾಕ್ಯ ಬರೆದೆ: ‘ಆ ದ್ವೀಪದ ಅಂಚಿನಲ್ಲಿ ಬಿಳಿ ಮರಳಿತ್ತು.’ ಚುಕ್ಕಿ ಇಡುವ ಮೊದಲೇ ಗುರುಮೂರ್ತಿ ಬಾಯಿ ಹಾಕಿದ.

“ಅದು ಇಲ್ಲೀದಲ್ಲ ಸಾರ್. ಹೊರಗಡೆಯಿಂದ ಬಂದಿದ್ದು.”

(ಗುರುಮೂರ್ತಿ ಈ ಕಥೆಯ ನಾಯಕ. ಮೈಸೂರಿನವನು. ನೆಲ ಕೊರೆದು ತೆಗೆದ ಮಣ್ಣನ್ನು ಪರೀಕ್ಷಿಸುವ ಇಂಜಿನಿಯರು. ಲ್ಯಾಬು ಜುರಾಂಗ್ ವೆಸ್ಟ್ ಕಡೆ, ಮನೆ ಬುಕಿತ್ ಬಾಟೋಕ್‌ನಲ್ಲಿ, ಹನ್ನೊಂದನೇ ಮಹಡಿ. ಸುಳ್ಳು ಹೇಳಲು ಬರುವುದಿಲ್ಲ. ಕೇಳದಿದ್ದರೂ ನಿಜ ಹೇಳುತ್ತಾನೆ.)

ವಾಕ್ಯ ಹೊಡೆದುಹಾಕಿದೆ.

೨

ಹಾಗಾದರೆ ಗುಡ್ಡದಿಂದ ಶುರುಮಾಡೋಣವೇ? ನಾನು ಕಂಡ ಗುಡ್ಡಗಳು ದನ ಮೇಯಿಸುವವರಿಗಿಂತ ಸಾವಧಾನಿಗಳು, ಕೂತಲ್ಲಿ ಕೂತಿರುತ್ತವೆ. ಇಲ್ಲಿಯ ಎಷ್ಟೋ ಗುಡ್ಡಗಳನ್ನು ಕಡಿದು ಸಮುದ್ರಕ್ಕೆ ಸುರಿದಿದ್ದಾರೆ. ಗುಡ್ಡ ನೀರಿನಲ್ಲಿ ಮಲಗಿತು, ದಡ ಎದ್ದು ಮುಂದಕ್ಕೆ ನಡೆಯಿತು. ಬೀಚ್ ರೋಡ್ ಎಂಬ ರಸ್ತೆಯಲ್ಲಿ ನಿಂತರೆ ಅಲೆಯ ಸದ್ದು ಕೇಳಿಸುವುದಿಲ್ಲ.

ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ಗುರುಮೂರ್ತಿ ಕಣ್ಣು ಮುಚ್ಚಿದರೆ, ದ್ವೀಪ ಉಸಿರಾಡಿದಂತೆ ಕಾಣುತ್ತದೆ. ಉಸಿರೆಳೆದಾಗ ಒಂದಂಗುಲ ಅಗಲ, ಬಿಟ್ಟಾಗ ಒಂದು ಕೂದಲೆಳೆ ಕೆಳಕ್ಕೆ. ಮಳೆಮರಗಳು, ರಸ್ತೆ, ಕಿಟಕಿಗಳ ದೀಪ ಎಲ್ಲವೂ ದೊಡ್ಡದೊಂದು ದೋಣಿಯ ಮೇಲೆ ಜೋಡಿಸಿಟ್ಟ ಸಾಮಾನಿನ ಹಾಗೆ ಮೆಲ್ಲಗೆ ತೂಗುತ್ತವೆ. ಅಷ್ಟರಲ್ಲಿ ಅವನ ಸ್ಟಾಪ್ ಬರುತ್ತದೆ.

೩

ಅರುಂಧತಿ ಅವನ ಹೆಂಡತಿ. ತವರು ಕೆ.ಆರ್. ನಗರದ ಹತ್ತಿರ. ಅವರ ಮನೆತನದಲ್ಲಿ ಗೌರಿಯನ್ನು ಅಂಗಡಿಯಿಂದ ತರುವುದಿಲ್ಲ. ಯಾವ ನೆಲದಲ್ಲಿ ಒಲೆ ಹೂಡಿದ್ದಾರೋ ಆ ನೆಲದ ಹಿಡಿ ಮಣ್ಣಿನಲ್ಲೇ ಮಾಡಬೇಕು. ಆಮೇಲಷ್ಟೇ ಆ ಊರು ತಮ್ಮದು. ಎರಡು ವರ್ಷದ ಹಿಂದೆ ಅವಳು ಈಸ್ಟ್ ಕೋಸ್ಟ್ ಬೀಚಿನಿಂದ ಮರಳು ತಂದು ಗೌರಿ ಮಾಡಿದ್ದಳು. ಆರತಿ ಎತ್ತುವ ಹೊತ್ತಿಗೆ, ಪರಿಚಯದ ಹೆಂಗಸರೆಲ್ಲ ರೇಷ್ಮೆ ಸೀರೆಯುಟ್ಟು ಕೂತಿದ್ದಾಗ, ಗುರುಮೂರ್ತಿ ನಾಲ್ಕು ಕಾಳು ಮರಳನ್ನು ಬೆರಳಲ್ಲಿ ಉಜ್ಜಿ ನೋಡಿ, “ಇದು ಇಂಪೋರ್ಟೆಡ್ ಕಣೆ, ಬಾರ್ಜಲ್ಲಿ ಬಂದಿರೋದು” ಎಂದ. (ಯಾರೂ ಕೇಳಿರಲಿಲ್ಲ.)

ಆಮೇಲೆ ಅವಳು ಗೌರಿ ಮಾಡಿಲ್ಲ. ಈಗ ೨೦೧೪ರ ಆಗಸ್ಟ್. ಇಲ್ಲೇ ಕಾಯಂ ನೆಲೆಸಲು ಹಾಕುವ ಪಿಆರ್ ಅರ್ಜಿ ಫ್ರಿಜ್ಜಿನ ಬಾಗಿಲಿನಲ್ಲಿ ಮ್ಯಾಗ್ನೆಟ್ ಕೆಳಗೆ ತೂಗುತ್ತಿದೆ. ಅವಳ ಸಹಿಯೊಂದು ಬಾಕಿ.

“ನೋಡ್ರೀ, ಈ ಸಲ ಇಲ್ಲೀ ಮಣ್ಣಲ್ಲೇ ಗೌರಿ ಕೂತರೆ ಸೈನ್ ಹಾಕ್ತೀನಿ. ಇಲ್ಲಾಂದ್ರೆ ಡಿಸೆಂಬರಿಗೆ ನಾನೂ ಗಾರ್ಗೀನೂ ಮೈಸೂರಿಗೆ ಶಿಫ್ಟ್ ಆಗ್ತೀವಿ. ನೀವು ನಿಮ್ಮ ಬೋರ್‌ಹೋಲ್ ಜೊತೆ ಸಂಸಾರ ಮಾಡ್ಕೊಳಿ.”

“ಇಷ್ಟು ದೊಡ್ಡ ಡಿಸಿಷನ್ನ ಒಂದು ಹಿಡಿ ಮಣ್ಣಿನ ಮೇಲೆ ಇಡ್ತೀಯಾ?”

“ನೀವು ಇಡಲ್ವಾ? ಒಂದು ಹಿಡಿ ಟೆಸ್ಟ್ ಮಾಡಿ, ಮೇಲೆ ನಲವತ್ತು ಮಹಡಿ?”

ಎಂಟು ವರ್ಷದ ಗಾರ್ಗಿ ಹೋಂವರ್ಕಿನಿಂದ ತಲೆ ಎತ್ತದೆ, “ಅಪ್ಪ ಔಟ್ ಲಾ” ಎಂದಳು, ಇಲ್ಲಿಯ ಮಕ್ಕಳ ಇಂಗ್ಲಿಷಿನಲ್ಲಿ.

೪ (ಕೈಬಿಟ್ಟ ಕರಡು)

ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ಖಾಲಿ ನೆಲಮಹಡಿಯ ಪಕ್ಕದ ಹೂಪಾತಿಗೆ ಅವನನ್ನು ಕಳಿಸಿದೆ. ಬಗ್ಗಿ ಮೂಸಿ ನೋಡಿ ಎದ್ದ. ಲಾರಿಯಲ್ಲಿ ಬಂದ ಗೊಬ್ಬರದ ಮಣ್ಣು. ಸರಿ, ಹಿಂದುಗಡೆ ಗುಡ್ಡವಿದೆಯಲ್ಲ, ಅದು ಇಲ್ಲೇ ಹುಟ್ಟಿದ್ದು, ಬೆಳಗಿನ ಜಾವ ಹೋಗಿ ಒಂದು ಬೊಗಸೆ ಕೆರೆದುಕೊಂಡು ಬಾ ಎಂದೆ.

“ಪಾರ್ಕಲ್ಲಿ ಅಗೀಬಾರದು ಸಾರ್. ಆಮೇಲೆ ನನ್ನ ವರ್ಕ್ ಪಾಸ್ ನೀವು ರಿನ್ಯೂ ಮಾಡಿಸ್ತೀರಾ?”

(ನಮ್ಮ ಕಡೆಯ ಪಾತ್ರಗಳು ಬೇಲಿ ಹಾರು ಎಂದರೆ ಹಾರುತ್ತಿದ್ದವು. ಇವನಿಗೆ ನಿಯಮ ಗೊತ್ತು. ನನಗೆ ಗೊತ್ತಿಲ್ಲ. ಅವನು ಹೇಳಿದಂತೆ ಕೇಳಿದೆ.)

೫

ಹಬ್ಬಕ್ಕೆ ಮೂರು ದಿನವಿರುವಾಗ ಲ್ಯಾಬಿಗೆ, ಸಮುದ್ರ ತುಂಬಿ ಮಾಡಿದ ತುವಾಸ್ ಕಡೆಯಿಂದ ಕೊಳವೆಗಳು ಬಂದವು. ನೆಲದೊಳಗಿನ ಮಣ್ಣನ್ನು ಅಲುಗಿಸದೆ ತೆಗೆದು, ಎರಡೂ ತುದಿಗೆ ಮೇಣ ಸುರಿದು ಮುಚ್ಚಿದ ಉಕ್ಕಿನ ಕೊಳವೆಗಳು. ಒಂದರ ಮೇಲೆ ಇಪ್ಪತ್ತಮೂರು ಮೀಟರ್ ಎಂಬ ಚೀಟಿ. ಮೇಣ ಕೆರೆದು ಒತ್ತಿದಾಗ ಬೂದುನೀಲಿ ಜೇಡಿ ಮೆಲ್ಲನೆ ಹೊರಗೆ ಬಂತು. ಸಮುದ್ರದ ವಾಸನೆ. ಆ ಬಣ್ಣವನ್ನು ಅವನು ನೂರಾರು ಸಲ ನೋಡಿ ರಿಪೋರ್ಟಿನಲ್ಲಿ ಬರೆದಿದ್ದಾನೆ. ಇವತ್ತು ಕೈ ತಡೆಯಿತು.

ಪರೀಕ್ಷೆ ಮುಗಿದು ಗೇಣುದ್ದ ಉಳಿಯಿತು. ತಗೊಳ್ಳಲೇ ಎಂದು ಮೇಲಿನವರನ್ನು ಕೇಳಿದ.

“ಟೇಕ್ ಲಾ. ಥ್ರೋ ಎನಿವೇ,” ಎಂದರು ಮಿಸ್ಟರ್ ಟಾನ್. “ಯುವರ್ ಕಿಡ್ ಪ್ಲೇ, ಆ?”

“ಮೈ ವೈಫ್,” ಎಂದ ಗುರುಮೂರ್ತಿ. (ನಿಜ ಹೇಳುವ ಚಟ.)

೬

ಅರುಂಧತಿ ಮಣೆಯ ಮುಂದೆ ಕೂತು ಮಣ್ಣು ಮುಟ್ಟಿದಳು. ಬೆಣ್ಣೆಯ ಹಾಗಿತ್ತು.

“ಎಲ್ಲೀದ್ರೀ ಇದು?”

“ಮೇಲೆ ಇಪ್ಪತ್ತು ಮೀಟರ್ ಹೊರಗಿನ ಮರಳು. ಇದು ಅದರ ಕೆಳಗೆ, ಹಳೇ ಸಮುದ್ರದ ತಳ. ಯಾರೂ ತಂದು ಹಾಕಿದ್ದಲ್ಲ. ಸಾವಿರಾರು ವರ್ಷದಿಂದ ಇಲ್ಲೇ ಇದೆ.”

“ಆರತಿ ಹೊತ್ತಲ್ಲಿ ಹೇಳೋದು ಇನ್ನೇನಾದ್ರೂ ಇದ್ರೆ ಈಗಲೇ ಹೇಳ್ಬಿಡಿ.”

ಅವನು ಸುಮ್ಮನಿರಬಹುದಿತ್ತು. ನಾನೂ ಸನ್ನೆ ಮಾಡಿದೆ.

“ಇದು ಕೂರಲ್ಲ ಆರೂ. ಇಳಿಯತ್ತೆ.”

ಅವಳು ಮಣ್ಣನ್ನು ಮಣೆಯ ಮೇಲಕ್ಕೆಳೆದುಕೊಂಡಳು. ನಾದಿದಳು, ಭುಜ ತಿದ್ದಿದಳು, ಮುಖ ಮಾಡಿದಳು. ಬೆರಳಿಗೆ ಏನೋ ಚುಚ್ಚಿತು: ಜೋಳದ ಕಾಳಿನಷ್ಟು ಚಿಪ್ಪಿನ ಚೂರು, ಬೆಳ್ಳಗೆ. ಗಾರ್ಗಿ ಬಗ್ಗಿ ನೋಡಿದಳು. ಅರುಂಧತಿ ಅದನ್ನು ತೊಳೆದು ಗೌರಿಯ ಮೂಗಿಗೆ ಒತ್ತಿದಳು. ಸೂರ್ಯನನ್ನೇ ಕಂಡಿರದ ಆ ಚೂರು ದೀಪದ ಬೆಳಕಿನಲ್ಲಿ ಮಿನುಗಿತು. ಹಬ್ಬದ ದಿನ ಮನೆಯ ಗೋಡೆಗಳು ತೆಳ್ಳಗಾಗಿ, ಹನ್ನೊಂದು ಮಹಡಿ ಕರಗಿ, ಎಲ್ಲರೂ ಆ ಹಳೆಯ ಸಮುದ್ರದ ತಳದಲ್ಲೇ ಕೂತು ಹಾಡು ಹೇಳುತ್ತಿರುವಂತೆ ಗುರುಮೂರ್ತಿಗೆ ಅನಿಸಿತು. ಆರತಿ ಎತ್ತಿದಾಗ ಬಾಯಿ ಮುಚ್ಚಿಕೊಂಡಿದ್ದ.

ಆದರೆ ಸಂಜೆಗೆ ಸ್ಕೇಲ್ ಇಟ್ಟು ನೋಡಿದ. ಗೌರಿ ನಾಲ್ಕು ಮಿಲಿಮೀಟರ್ ಇಳಿದಿದ್ದಳು.

೭

ಅರುಂಧತಿ ಅರ್ಜಿಗೆ ಸಹಿ ಹಾಕಿದಳು.

“ಸಾರ್, ನನ್ನ ಕೈಗೆ ಪೆನ್ನು ತುರುಕಬೇಡಿ. ಗೌರಿ ಇನ್ನೂ ಇಳೀತಾ ಇದ್ದಾಳೆ, ಕಾಣಲ್ವಾ?” ಎಂದು ಅವಳು ನನ್ನ ಮೇಲೇ ತಿರುಗಿಬಿದ್ದಳು.

೭ (ಇನ್ನೊಮ್ಮೆ)

ಡಿಸೆಂಬರಿನಲ್ಲಿ ಚಾಂಗಿ ಏರ್‌ಪೋರ್ಟಿನ ಗಾಜಿನಾಚೆ ಗುರುಮೂರ್ತಿ ಒಬ್ಬನೇ ನಿಂತಿದ್ದ.

“ಅಂಕಲ್, ದಿಸ್ ಒನ್ ಟೂ ಸ್ಯಾಡ್ ಲಾ,” ಎಂದಳು ಗಾರ್ಗಿ.

ಎರಡನ್ನೂ ಹರಿದೆ. ಉಳಿದದ್ದು ಮಾರನೆಯ ದಿನ ನಡೆದದ್ದಷ್ಟೇ.

ಬಕೆಟ್ಟಿನಲ್ಲಿ ನೀರು ತುಂಬಿಟ್ಟಿದ್ದರು, ಗೌರಿಯನ್ನು ಬಿಡಲು. ಅದಕ್ಕೂ ಮೊದಲು ಅವನು ಇನ್ನೊಮ್ಮೆ ಸ್ಕೇಲ್ ಹಿಡಿದ.

“ಎಷ್ಟು?” ಎಂದಳು ಅರುಂಧತಿ.

“ಆರು.”

“ನಿಮ್ಮ ಸೈಟಲ್ಲಿ ಇಂಥ ಮಣ್ಣಿದ್ರೆ ಏನ್ಮಾಡ್ತೀರಿ?”

“ಮೇಲೆ ಮರಳಿನ ಭಾರ ಹೇರಿ ಬಿಡ್ತೀವಿ. ನೀರು ಬಿಟ್ಕೊಂಡು, ಇಳಿದೂ ಇಳಿದೂ ಗಟ್ಟಿಯಾಗತ್ತೆ.”

“ಎಷ್ಟು ದಿನ?”

“ವರ್ಷಗಟ್ಟಲೆ.”

“ಅಲ್ಲೀತನಕ ಮೇಲೆ ಏನೂ ಕಟ್ಟಲ್ಲ?”

“ಕಟ್ಟಲ್ಲ.”

ಅವಳು ಗೌರಿಯನ್ನು ಎರಡೂ ಕೈಯಲ್ಲಿ ಎತ್ತಿ ನೀರಿಗಿಳಿಸಿದಳು. ನೀರು ನಿಧಾನವಾಗಿ ಬೂದುನೀಲಿಯಾಯಿತು. ಚಿಪ್ಪಿನ ಚೂರನ್ನು ಗಾರ್ಗಿ ತೆಗೆದಿಟ್ಟುಕೊಂಡಳು. ಅರುಂಧತಿ ಎದ್ದು, ಕೈ ಕೂಡ ಒರೆಸದೆ, ಪಾಯಸಕ್ಕೆ ಹಾಲು ತೆಗೆಯಲು ಫ್ರಿಜ್ಜಿನ ಹತ್ತಿರ ಹೋದಳು.

ಅವಳು ಒಳಗೆ ಹೋದ ಮೇಲೆ ಗುರುಮೂರ್ತಿ ನೋಡಿದ. ಅರ್ಜಿಯ ಮೇಲೆ, ಸಹಿಯ ಜಾಗದಲ್ಲಿ, ಬೂದುನೀಲಿ ಜೇಡಿಯ ಒಂದು ಹೆಬ್ಬೆರಳಿನ ಗುರುತು. ಗೆರೆಗೆರೆಯೂ ಕಾಣುವ ಹಾಗೆ.

(ಬಾಗಿಲು ತೆಗೆಯುವಾಗ ತಾಗಿತೋ, ಬೇಕೆಂದೇ ಒತ್ತಿದಳೋ, ನಾನು ನೋಡಲಿಲ್ಲ. ನೀರಿನ ಬಣ್ಣ ನೋಡುತ್ತಿದ್ದೆ. ನಮ್ಮೂರಲ್ಲಾದರೆ ಹೆಬ್ಬೆಟ್ಟೇ ಸಹಿ. ಇಲ್ಲಿಯ ಆಫೀಸಿನಲ್ಲಿ ಅದು ಬರೀ ಕಲೆ, ಹೊಸ ಫಾರ್ಮು ತನ್ನಿ ಎನ್ನುತ್ತಾರೆ.)

ಅವನು ಒರೆಸುವ ಬಟ್ಟೆ ಹಿಡಿದು ನಿಂತ.

“ಆರೂ, ಇದು...”

“ಮುಟ್ಟಬೇಡಿ,” ಒಳಗಿನಿಂದ ಅವಳ ದನಿ ಬಂತು. “ಒಣಗಲಿ.”

ಅವನು ಬಗ್ಗಿ ನೋಡಿದ. ಇನ್ನೂ ಹಸಿಯಿತ್ತು.