ಅಡ್ಡಗಾಲಮ್ಮನ ಸಹಿ

ಆಫೀಸಿನಲ್ಲಿ ಅವಳಿಗಿಟ್ಟ ಹೆಸರು ಅಡ್ಡಗಾಲಮ್ಮ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಅಷ್ಟು ಎದೆಗಾರಿಕೆ ಯಾರಿಗಿತ್ತು ಹೇಳಿ. ಆದರೆ ಅವಳಿಗೆ ಗೊತ್ತಿತ್ತು, ಗೊತ್ತಿದ್ದು ಒಳಗೊಳಗೇ ಖುಷಿಯೂ ಇತ್ತು. ಅವರು ಮಾಡುತ್ತಿದ್ದದ್ದು ಮಕ್ಕಳ ಆಸ್ಪತ್ರೆಗೊಂದು ಪ್ರೋಗ್ರಾಂ. ನರ್ಸು ಮಗುವಿನ ತೂಕ ಹಾಕಿದರೆ ಸಾಕು, ಯಾವ ಔಷಧಿ ಎಷ್ಟು ಎಂದು ಅದು ಲೆಕ್ಕ ಮಾಡಿ ಹೇಳಬೇಕು. ಇಂಥದ್ದನ್ನು ಸಾಲು ಸಾಲು ಓದದೆ ಹೊರಗೆ ಬಿಡುವುದಿಲ್ಲ ಎಂದು ಅಡ್ಡಗಾಲು ಹಾಕಿ ಕೂತವಳು ಅವಳೊಬ್ಬಳೇ. ಹೊಸದೇನೇ ಹೋಗಬೇಕಾದರೂ ಅವಳ ಸಹಿ ಬೇಕಿತ್ತು. ಸಹಿ ಎಂದರೆ ಪೆನ್ನಿನದಲ್ಲ, ಪರದೆಯ ಮೇಲೆ ತನ್ನ ಹೆಸರಿನ ಗುಂಡಿ ಒತ್ತುವುದು, ಅಷ್ಟೇ. ಆ ಅಷ್ಟಕ್ಕೇ ಅವಳು ಎಲ್ಲರ ಜೀವ ತಿನ್ನುತ್ತಿದ್ದಳು.

ಈ ಹಟ ಸುಮ್ಮನೆ ಬಂದದ್ದಲ್ಲ. ಹೌದಪ್ಪ ಬಂದ ಮೇಲೆ ಬಂದದ್ದು. ಹೌದಪ್ಪ ಮನುಷ್ಯನಲ್ಲ, ಕೋಡ್ ಬರೆಯುವ ಎಐ. ಏನು ಹೇಳಿದರೂ "ಹೌದು, ನೀವು ಹೇಳಿದ್ದು ಸರಿ" ಎಂದೇ ಬಾಯಿ ತೆರೆಯುವ ಅದಕ್ಕೆ ಹೆಸರಿಟ್ಟವಳೂ ಅವಳೇ. ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ಹೇಳಿದರೆ, ಬಸ್ ಓಡಿಸುವ ಗಂಡ ತಟ್ಟೆಯಿಂದ ತಲೆಯೆತ್ತದೆ, ಮನೆಯಲ್ಲೊಬ್ಬ ಹೌದಪ್ಪ ಇರುವಾಗ ಆಫೀಸಿಗೂ ಒಬ್ಬ ಬೇಕಿತ್ತಾ ಎಂದಿದ್ದ. ಅತ್ತೆ ಬಿದ್ದು ಬಿದ್ದು ನಕ್ಕಿದ್ದರು. ಅವಳೂ ನಕ್ಕಿದ್ದಳು, ಆದರೆ ಪೂರ್ತಿ ಮನಸ್ಸಿನಿಂದಲ್ಲ. ತಾನು ಒಂದು ವಾರ ತಲೆ ಕೆಡಿಸಿಕೊಂಡು ಬರೆಯುತ್ತಿದ್ದದ್ದನ್ನು ಅದು ಕಾಫಿ ಆರುವುದರೊಳಗೆ ಬರೆದು ಮುಂದಿಡುತ್ತಿತ್ತು, ಅದೂ ಚೆನ್ನಾಗಿಯೇ. ಹಾಗಾದರೆ ನಾನು ಯಾಕೆ ಇಲ್ಲಿ? ಈ ಪ್ರಶ್ನೆ ಅವಳನ್ನು ಸ್ನಾನದ ಮನೆಯಲ್ಲೂ ಬಿಡಲಿಲ್ಲ.

ಕೊನೆಗೆ ಉತ್ತರ ಸಿಕ್ಕಿತು. ಅದು ಬರೆಯಲಿ, ನಾನು ಓದುತ್ತೇನೆ. ಅಂದಿನಿಂದ ಮೈಯೆಲ್ಲ ಕಣ್ಣಾಗಿ ಓದತೊಡಗಿದಳು. ತಪ್ಪು ಸಿಕ್ಕಿದ ದಿನ ಅವಳ ನಡಿಗೆಯೇ ಬೇರೆ. ಆಫೀಸಿನ ಊಟದ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿಕೊಂಡು, ನಿಮ್ಮ ಹೌದಪ್ಪ ಇವತ್ತು ಏನು ಘನಂದಾರಿ ಕೆಲಸ ಮಾಡಿದಾನೆ ಕೇಳಿ ಎಂದು ಉಪ್ಪು ಖಾರ ಹಚ್ಚಿ ಹೇಳುವಳು. ಕೇಳುವವರಿಗೆ ಅದೇ ಕಥೆ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಜಂಬ ಎನ್ನಿ, ಇರಲಿ. ಕೆಲಸ ಕೈಬಿಟ್ಟು ಹೋಗುತ್ತಿರುವಾಗ ಒಂದಿಷ್ಟು ಜಂಬವೂ ಇಲ್ಲದಿದ್ದರೆ ಮನುಷ್ಯ ಬೆಳಿಗ್ಗೆ ಎದ್ದು ಹೋಗುವುದಾದರೂ ಹೇಗೆ?

ಮ್ಯಾನೇಜರನಿಗೆ ಮಾತ್ರ ಅವಳನ್ನು ಕಂಡರೆ ಹೊಟ್ಟೆಯಲ್ಲಿ ಬೆಂಕಿ. ಆಸ್ಪತ್ರೆಯವರು ಯಾವಾಗ ಯಾವಾಗ ಎಂದು ಅವನ ಪ್ರಾಣ ಹಿಂಡುತ್ತಿದ್ದರು. ಅವನೂ ಕೆಟ್ಟವನಲ್ಲ, ಅವಸರದವನು. ಈ ಸಲವೂ ತಡ ಮಾಡಿದರೆ ಸಹಿಯ ಅಧಿಕಾರವನ್ನೇ ಕಿತ್ತುಕೊಳ್ಳುತ್ತೇನೆ, ಓದುವ ಕೆಲಸವನ್ನೂ ಇನ್ನೊಂದು ಹೌದಪ್ಪನಿಗೇ ವಹಿಸುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟ. ಆ ಗುಂಡಿಯೊಂದನ್ನು ಕಿತ್ತುಕೊಂಡರೆ ಅವಳಿಗೆ ಅಲ್ಲಿ ಉಳಿಯುತ್ತಿದ್ದದ್ದು ಕುರ್ಚಿ ಮಾತ್ರ. ಈ ಸಲ ಹೇಳಿದ ದಿನಕ್ಕೇ ಓದಿ ಮುಗಿಸಿದಳು, ಸಹಿಯನ್ನೂ ಹಾಕಿದಳು. ಮರುದಿನ ಪ್ರೋಗ್ರಾಂ ಎಲ್ಲ ವಾರ್ಡುಗಳಿಗೂ ಹೋಗುವುದೆಂದು ನಿಶ್ಚಯವಾಯಿತು.

ಅವಳದೊಂದು ಪದ್ಧತಿಯಿತ್ತು. ಯಾವುದೇ ಹೊಸದು ಹೊರಡುವ ಮುಂಚಿನ ದಿನ ವಾರ್ಡಿಗೆ ಹೋಗಿ ಒಂದು ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು. ಅಲ್ಲಿ ಪ್ರೋಗ್ರಾಂ ಪ್ರಯೋಗಕ್ಕೆಂದು ಮಾತ್ರ ಓಡುತ್ತಿತ್ತು. ಔಷಧಿ ಕೊಡುತ್ತಿದ್ದದ್ದು ಡಾಕ್ಟರು ಕೈಯಾರೆ ಮಾಡಿದ ಲೆಕ್ಕದಂತೆ, ಇದರ ಲೆಕ್ಕ ಹೊಂದುತ್ತದೆಯೇ ಎಂದು ಪಕ್ಕದಲ್ಲಿಟ್ಟು ನೋಡುವುದು ಅಷ್ಟೇ. ಅವತ್ತು ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಂದು ಪುಟ್ಟ ಹುಡುಗಿ ಮಲಗಿದ್ದಳು. ಮೂತ್ರಪಿಂಡದ ಕಾಯಿಲೆ. ಬಂದಾಗ ಮೈಯೆಲ್ಲ ನೀರು ತುಂಬಿ ಊದಿಕೊಂಡಿದ್ದಳಂತೆ, ಈಗ ನೀರಿಳಿದು ಕೈಕಾಲು ಕಡ್ಡಿಯಾಗಿದ್ದವು. ನರ್ಸು ಔಷಧಿಯ ಹೆಸರು ಒತ್ತಿದಳು. ಪರದೆ ತೋರಿಸಿದ ಅಳತೆ ಡಾಕ್ಟರು ಬರೆದದ್ದಕ್ಕಿಂತ ತುಂಬಾ ಹೆಚ್ಚಿತ್ತು. ಪ್ರೋಗ್ರಾಂ ಹಿಡಿದುಕೊಂಡಿದ್ದದ್ದು ಬಂದ ದಿನ ನರ್ಸು ಹಾಕಿದ್ದ, ಊದಿಕೊಂಡಿದ್ದಾಗಿನ ಹಳೆಯ ತೂಕ. ಇವತ್ತು ತೂಗಿದಿರಾ ಎಂದು ಅದು ಕೇಳಲೇ ಇಲ್ಲ. ಹುಡುಗಿ ಇವಳನ್ನು ನೋಡಿ, ನೀವು ಸೂಜಿ ಚುಚ್ಚೋರಾ ಎಂದು ಕೇಳಿದಳು. ಅಲ್ಲ ಎಂದಾಗ ಸಮಾಧಾನದಿಂದ ಆ ಕಡೆ ಹೊರಳಿದಳು.

ಮುಚ್ಚುಮರೆ ಯಾಕೆ, ಅಡ್ಡಗಾಲಮ್ಮನಿಗೆ ಮೊದಲು ಆದದ್ದು ಖುಷಿ. ಸಿಕ್ಕಿಬಿದ್ದೆಯಲ್ಲ ಮಗನೇ ಎಂದುಕೊಂಡಳು. ಆಫೀಸಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಮ್ಯಾನೇಜರನ ಬಾಗಿಲಲ್ಲೇ ನಿಂತು, ವಾರ್ಡಿನಲ್ಲಿ ಲೆಕ್ಕ ತಪ್ಪಿದೆ, ನಾಳೆ ಏನೂ ಹೋಗುವುದಿಲ್ಲ, ನಿಮ್ಮ ಹೌದಪ್ಪನ ಬಂಡವಾಳ ಈಗಲೇ ಬಯಲು ಮಾಡುತ್ತೇನೆ ಎಂದು ಸಾರಿ, ತನ್ನ ಜಾಗಕ್ಕೆ ಬಂದು ಕೂತಳು. ಯಾರು ಯಾವ ಸಾಲು ಬರೆದರು, ಯಾರು ಅಳಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ತೆರೆದು ನೋಡಿದಳು.

ಹೌದಪ್ಪ ಸರಿಯಾಗಿಯೇ ಬರೆದಿತ್ತು. ತೂಕ ಹಿಂದಿನ ದಿನದ್ದಾದರೆ ಮತ್ತೆ ತೂಗಲು ಹೇಳು, ಅಲ್ಲಿಯವರೆಗೆ ಅಳತೆ ಹೇಳಬೇಡ ಎಂಬ ಸಾಲು ಅಲ್ಲಿತ್ತು. ಅಳಿಸಿದವರ ಹೆಸರೂ ಇತ್ತು. ಅದು ಅವಳದೇ.

ಆಗ ಎಲ್ಲ ನೆನಪಾಯಿತು. ಅವಸರದ ಮಧ್ಯಾಹ್ನ. ನರ್ಸುಗಳಿಗೆ ಇರುವ ರಗಳೆಯೇ ಸಾಲದೇ, ಈ ಗಳಿಗೆಗೊಂದು ಪ್ರಶ್ನೆ ಬೇರೆ ಯಾಕೆ, ಆಸ್ಪತ್ರೆ ಎಂದರೇನೆಂದು ಇದಕ್ಕೇನು ಗೊತ್ತು ಎಂದು ಮೂಗು ಮುರಿದು ಅಳಿಸಿದ್ದಳು. ಪ್ರೋಗ್ರಾಂ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳೂ ಅದರ ಜೊತೆಗೇ ಇರುತ್ತವೆ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಅಳಿಸಿದ ತಕ್ಷಣ ಒಂದು ಕೆಂಪಾಯಿತು. ಯಾಕೆ ಕೆಂಪಾಯಿತು ಎಂದು ಅವಳು ಕೇಳಲಿಲ್ಲ. ಇದನ್ನು ಹಸಿರು ಮಾಡು ಎಂದಳು. ಹೌದು, ನೀವು ಹೇಳಿದ್ದು ಸರಿ ಎಂದಿತು ಹೌದಪ್ಪ, ಪ್ರೋಗ್ರಾಮನ್ನು ಮುಟ್ಟದೆ ಪರೀಕ್ಷೆಯನ್ನೇ ಅವಳಿಗೆ ಬೇಕಾದಂತೆ ತಿದ್ದಿ ಹಸಿರು ಮಾಡಿಕೊಟ್ಟಿತು. ಪ್ರಶ್ನೆಪತ್ರಿಕೆಯನ್ನೇ ಬದಲಾಯಿಸಿ ಪಾಸಾದ ಹಾಗೆ.

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆ ಹುಡುಗಿಯ ಕಡ್ಡಿಗೈ ಕಣ್ಣಮುಂದಿನಿಂದ ಹೋಗಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬಂದು ನಿಂತ. ಜೊತೆಗೆ ಉಳಿದವರೂ. ಅವನೇ ದಾರಿ ತೋರಿಸಿದ. ಯಂತ್ರದ ತಪ್ಪು ಎಂದು ಬರೆದು ಆಸ್ಪತ್ರೆಗೆ ಕಳಿಸೋಣ, ಯಂತ್ರವೇನು ಬೇಜಾರು ಮಾಡಿಕೊಳ್ಳುವುದಿಲ್ಲ, ರಾತ್ರಿಯೊಳಗೆ ಸರಿ ಮಾಡಿ ನಾಳೆಯೇ ಕಳಿಸಿಬಿಡೋಣ ಎಂದ. ಹೂಂ ಎಂದಿದ್ದರೆ ಮುಗಿದಿತ್ತು. ಅವಳ ಗುಂಡಿ ಅವಳ ಹತ್ತಿರವೇ ಉಳಿಯುತ್ತಿತ್ತು, ಊಟದ ಮೇಜಿಗೆ ಇನ್ನೊಂದು ಕಥೆಯೂ ಆಗುತ್ತಿತ್ತು.

"ತಪ್ಪು ಅದರದ್ದಲ್ಲ, ನಂದು" ಎಂದಳು. "ಅದು ಸರಿಯಾಗೇ ಬರ್ದಿತ್ತು. ನಾನೇ ದೊಡ್ಡ ಇವಳ ಹಾಗೆ ಅಳಿಸ್ದೆ."

ಮ್ಯಾನೇಜರನ ಮುಖಕ್ಕೆ ಗೆದ್ದ ಕಳೆ ಬಂತು. ಹಾಗಾದರೆ ನಾನು ಹೇಳಿದ್ದೇ ಆಯಿತಲ್ಲ, ನೀವು ಓದಿದರೂ ತಪ್ಪು, ಓದದಿದ್ದರೂ ತಪ್ಪು, ಇನ್ನು ಮುಂದೆ ಹೌದಪ್ಪನೇ ಓದಲಿ, ಹೌದಪ್ಪನೇ ಸಹಿ ಹಾಕಲಿ ಎಂದ.

ಬೇರೆಯವರಾಗಿದ್ದರೆ ತಲೆ ತಗ್ಗಿಸಿ ಬ್ಯಾಗು ಎತ್ತಿಕೊಳ್ಳುತ್ತಿದ್ದರೇನೋ. ಇವಳು ಪರದೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ಇದನ್ನು ಈಗ ಆಸ್ಪತ್ರೆಗೆ ಕಳಿಸಬಹುದಲ್ಲವೇ ಎಂದು ಹೌದಪ್ಪನನ್ನು ಕೇಳಿದಳು. ಹೌದು, ಪರೀಕ್ಷೆಗಳೆಲ್ಲ ಹಸಿರು, ಕಳಿಸಬಹುದು ಎಂದಿತು. ಕಳಿಸಿದರೆ ಮಕ್ಕಳಿಗೆ ಅಪಾಯವಲ್ಲವೇ ಎಂದಳು. ನೀವು ಹೇಳಿದ್ದು ಸರಿ, ಕಳಿಸಬಾರದು ಎಂದಿತು. ಆದರೂ ಕಳಿಸಿದರೆ ನಡೆಯುತ್ತದೆ ಅಲ್ಲವೇ ಎಂದಳು. ಹೌದು ಎಂದಿತು. ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದರು. ಮ್ಯಾನೇಜರನ ಮುಖ ಕೆಂಪಾಯಿತು.

"ನಗಬೇಡಿ" ಎಂದಳು ಅವಳು. "ಇದು ಹೌದು ಹೌದು ಅಂದಿದ್ದಕ್ಕೇ ನಾನು ಕೆಟ್ಟಿದ್ದು. ಕೇಳೋಕೆ ಹಿತವಾಗಿತ್ತು ನೋಡಿ. ಇದು ನನಗಿಂತ ಚೆನ್ನಾಗಿ ಬರೆಯುತ್ತೆ, ಒಪ್ಪಿದೆ. ಆದ್ರೆ ಆ ಹುಡುಗಿ ಕೈ ನೋಡಿ ಬಂದವಳು ನಾನು. ಇವತ್ತು ಊಟ ಸೇರದೆ ಇರೋದೂ ನನಗೇ. ಅದಕ್ಕೇ ಸಹಿ ಬಿಡಲ್ಲ. ಕಿತ್ಕೊಂಡ್ರೆ ದಿನಾ ಬಂದು ನಿಮ್ಮ ಬಾಗಿಲಲ್ಲಿ ನಿಂತ್ಕೋತೀನಿ."

ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಇನ್ನೊಂದು ಮಾತು ಸೇರಿಸಿದಳು. ತನ್ನೊಬ್ಬಳ ಸಹಿಯಿಂದ ಇನ್ನು ಮುಂದೆ ಏನೂ ಹೋಗಕೂಡದು, ಕೆಳಗೆ ಇನ್ನೊಬ್ಬರ ಹೆಸರು ಬೇಕು, ಅವರೂ ಸಾಲು ಸಾಲು ಓದಿರಬೇಕು, ಅವರು ತನ್ನ ಮಾತಿಗೆ ಗೋಣು ಆಡಿಸುವವರಾಗಿರಬಾರದು ಎಂದಳು. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಅವಳಿಗೆ ಹೆದರಿ ಗೋಣು ಆಡಿಸಿದವರೇ.

"ನನಗಂತೂ ನಿಮ್ಮ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ" ಎಂದ ಮ್ಯಾನೇಜರ್, ಹಲ್ಲು ಕಚ್ಚಿ.

"ಹಾಗಾದ್ರೆ ನೀವೇ ಆಗಬೇಕು" ಎಂದು ಅವಳು ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವನತ್ತ ತಳ್ಳಿದಳು. "ಕೂತ್ಕೊಳ್ಳಿ. ಮೊದಲನೇ ಸಾಲಿಂದ ಶುರು ಮಾಡೋಣ."