ಬಾವುಟದೊಳಗಿನ ಹೂವು

ರಾಜಣ್ಣನಿಗೆ ಹೆದರಿಕೆ ಹೊಸದೇನಲ್ಲ. ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಅವನು ಅಟೆಂಡರ್. ತಲೆಗೂದಲು ನರೆಯುವವರೆಗೆ ದಿನಗೂಲಿಯಲ್ಲಿ ದುಡಿದು, ಕೊನೆಗೂ ಕಾಯಂ ಆಗಿದ್ದ. ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಲಸ ಕಾಯಂ ಆದರೆ ಮನುಷ್ಯನಿಗೆ ಧೈರ್ಯ ಬರಬೇಕು ತಾನೇ? ಇವನಿಗೆ ಇದ್ದ ಧೈರ್ಯವೂ ಹೋಯಿತು. ಕಳೆದುಕೊಳ್ಳಲು ಏನೂ ಇಲ್ಲದಿದ್ದಾಗ ಸಾಹೇಬರ ಮುಂದೆ ಕೆಮ್ಮುತ್ತಿದ್ದವನು, ಈಗ ಕೆಮ್ಮು ಬಂದರೂ ಹೊರಗೆ ಓಡಿಹೋಗಿ ಕೆಮ್ಮಿ ಬರುತ್ತಿದ್ದ. ಸಣ್ಣ ತಪ್ಪಾದರೂ ಆರ್ಡರು ವಾಪಸ್ಸು ಹೋಗುತ್ತದೆ ಅಂತ ಯಾರೋ ಅವನ ಕಿವಿಯಲ್ಲಿ ಊದಿದ್ದರು. ಯಾರು ಊದಿದ್ದು ಎಂದು ಕೇಳಿದರೆ ಅವನಿಗೇ ನೆನಪಿಲ್ಲ.

ಒಂದು ಕೆಲಸದಲ್ಲಿ ಮಾತ್ರ ಅವನಿಗೆ ಅಂಜಿಕೆ ಇರಲಿಲ್ಲ. ಅದು ಬಾವುಟ ಕಟ್ಟುವುದು. ಆಗಸ್ಟ್ ಹದಿನೈದು ಬರಲಿ, ಜನವರಿ ಇಪ್ಪತ್ತಾರು ಬರಲಿ, ಬಟ್ಟೆಯನ್ನು ಹಾಸಿ, ನಡುವೆ ಎರಡು ಬೊಗಸೆ ಹೂವಿನ ಎಸಳು ಸುರಿದು, ಮಡಿಚಿ, ಜಾರುಗಂಟು ಹಾಕಿ ಕಂಬದ ತುದಿಗೆ ಏರಿಸಿಬಿಡುತ್ತಿದ್ದ. ಸಾಹೇಬರು ಹಗ್ಗ ಎಳೆದರೆ ಸಾಕು, ಗಂಟು ಬಿಚ್ಚಿ ಹೂವು ಉದುರಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಸಾಹೇಬರಿಗೆ ಅನ್ನುವುದು ಬೇರೆ ಮಾತು.

ಈ ಸಲ ಬಂದದ್ದು ಹೊಸ ಬಾವುಟ. ಕೊರೊನಾದಲ್ಲಿ ಸತ್ತವರ ನೆನಪಿಗೆಂದು ದಿಲ್ಲಿಯಲ್ಲಿ ತೀರ್ಮಾನವಾಗಿ, ವರ್ಷಕ್ಕೊಂದು ದಿನ ದೇಶದ ಎಲ್ಲ ಕಚೇರಿಗಳ ಮುಂದೆ ಹಾರಿಸಬೇಕೆಂದು ಹುಕುಂ ಆಗಿತ್ತು. ಕಾಗದದಲ್ಲಿ ಅದರ ಹೆಸರು ಸ್ಮರಣ ಧ್ವಜ. ಕಚೇರಿಯ ಬಾಯಲ್ಲಿ ಕೊರೊನಾ ಬಾವುಟ. ಬೂದಿ ಬಣ್ಣದ ಬಟ್ಟೆ, ಮೇಲಿನ ಅಂಚಿಗೆ ಒಂದು ಬಿಳಿ ಪಟ್ಟಿ. ಚಾಮರಾಜನಗರದಿಂದ ಅದು ಕವರಿನಲ್ಲಿ ಬಂದಾಗ ಮ್ಯಾನೇಜರ್ ಮಲ್ಲಿಕಾರ್ಜುನಸ್ವಾಮಿ ಅದನ್ನು ಬೆರಳ ತುದಿಯಲ್ಲಿ ಹಿಡಿದು ರಾಜಣ್ಣನ ಕೈಗಿಟ್ಟರು.

"ನೋಡಯ್ಯಾ, ಬಿಳಿ ಪಟ್ಟಿ ಮೇಲ್ಗಡೆ ಬರ್ಬೇಕು. ನಾಳೆ ದೊಡ್ಡ ಮೇಡಂ ಬರ್ತಾರೆ. ಅದೊಂದು ತಲೆಕೆಳಗಾಯ್ತೋ, ನಿನ್ ಕೆಲ್ಸಾನೂ ತಲೆಕೆಳಗು."

ರಾಜಣ್ಣನಿಗೆ ಅಷ್ಟು ಸಾಕಾಗಿತ್ತು. ಕಳೆದ ಜನವರಿಯಲ್ಲಿ ಬೇರೆ ಯಾವುದೋ ಜಿಲ್ಲೆಯಲ್ಲಿ ಬಾವುಟ ತಲೆಕೆಳಗಾಗಿ ಕಟ್ಟಿದ ಅಟೆಂಡರೊಬ್ಬನ ವಿಡಿಯೋ ಬೆಳಿಗ್ಗೆ ಎಲ್ಲರ ಮೊಬೈಲಿಗೆ ಬಂದು, ಸಂಜೆಯೊಳಗೆ ಅವನು ಸಸ್ಪೆಂಡ್ ಆಗಿದ್ದ. ಆ ವಿಡಿಯೋವನ್ನು ರಾಜಣ್ಣನೂ ನೋಡಿದ್ದ, ಪಾಪ, ನಕ್ಕೂ ಇದ್ದ. ಈಗ ಬಿಳಿ ಪಟ್ಟಿಯ ಮೂಲೆಗೆ ಪೆನ್ಸಿಲ್ಲಿನಲ್ಲಿ ಸಣ್ಣ ಗುರುತು ಮಾಡಿಕೊಂಡ. ಮೇಲೆ ಯಾವುದು, ಕೆಳಗೆ ಯಾವುದು ಎಂದು ಮತ್ತೆ ಮತ್ತೆ ನೋಡಿದ. ಊಟಕ್ಕೆ ಕೂತರೂ ಬಿಳಿ ಪಟ್ಟಿಯದೇ ಧ್ಯಾನ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ಹಾರುಹೊಡೆದು ಮಲಗುವವರು ಇರುತ್ತಾರಲ್ಲ, ಹಾಗೆ.

ಬೆಳಿಗ್ಗೆ ಅವನು ಹೊರಡುವಾಗ ಹೆಂಡತಿ ಸುಂದ್ರಮ್ಮ ಎಂದಿನಂತೆ ಒಂದು ಕವರು ಕೈಗೆ ಕೊಟ್ಟಳು.

"ತಕ್ಕಳಿ, ಚೆಂಡೂವ ಬುಡ್ಸಿಟ್ಟಿವ್ನಿ. ಬೋ ಚೆನ್ನಾಗದೆ ಹೂವು."

ಅವನು ತೆಗೆದುಕೊಂಡ. ಬಾವುಟದ ದಿನ ಸುಂದ್ರಮ್ಮ ಹೂವು ಕೊಡುವುದೂ ಇವನು ಒಯ್ಯುವುದೂ ಮನೆಯ ರೂಢಿಯೇ ಆಗಿಹೋಗಿತ್ತು. ಕಚೇರಿಯ ಮುಂದೆ ಬಟ್ಟೆ ಹಾಸಿದ, ಬಿಳಿ ಪಟ್ಟಿ ನೋಡಿದ, ಗುರುತು ನೋಡಿದ, ಕೈ ತನ್ನಷ್ಟಕ್ಕೆ ಹೂವು ಸುರಿಯಿತು, ಮಡಿಚಿತು. ಆಷಾಢದ ಗಾಳಿಗೆ ಮೊದಲೇ ಬಿಚ್ಚಿಕೊಂಡೀತೆಂಬ ಭಯಕ್ಕೆ ಗಂಟನ್ನು ಎಂದಿಗಿಂತ ಬಿಗಿಯಾಗಿ ಕಟ್ಟಿದ. ಏರಿಸಿ ಕೆಳಗೆ ನಿಂತು ನೋಡಿದಾಗ ಅವನಿಗೆ ಸಮಾಧಾನವಾಯಿತು.

ಜನ ಬರತೊಡಗಿದರು. ಶಾಮಿಯಾನದ ಕೆಳಗೆ ಹಾಕಿದ್ದ ಕುರ್ಚಿಗಳಲ್ಲಿ ಒಬ್ಬೊಬ್ಬರೇ ಬಂದು ಕೂತರು. ಎಷ್ಟೋ ಜನ ಫೋಟೋ ತಂದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಅವರನ್ನು ನೋಡಿದಾಗಲೇ ರಾಜಣ್ಣನಿಗೆ ಹಳೆಯದೊಂದು ಗಲಾಟೆ ನೆನಪಾದದ್ದು. ಹಿಂದೊಮ್ಮೆ ಇದೇ ಜನರಿಗೆ ಸಂತಾಪ ಸಭೆ ಅಂತ ಮಾಡಿ, ಪುಢಾರಿಯೊಬ್ಬ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಹಲ್ಲು ಕಿರಿದಿದ್ದ. ಕುರ್ಚಿಗಳು ಹಾರಿದ್ದವು. ಮೈಕಿನವನ ಹಣೆ ಒಡೆದಿತ್ತು. ಹಲ್ಲು ಕಿರಿದವನು ಕಾರು ಹತ್ತಿ ಹೋಗಿಯಾಗಿತ್ತು. ಏಟು ಬೀಳುವುದು ಯಾವಾಗಲೂ ಮೈಕಿನವನಿಗೇ.

ಚಾಮರಾಜನಗರದ ಜಿಲ್ಲಾ ಕಚೇರಿಯಿಂದ ದೊಡ್ಡ ಮೇಡಂ ಬಂದರು. ಯಾರಿಗೂ ಹಾರವಿಲ್ಲ, ಶಾಲಿಲ್ಲ. ಮಲ್ಲಿಕಾರ್ಜುನಸ್ವಾಮಿ ಮೈಕಿನ ಮುಂದೆ ನಿಂತು ಕಾಗದ ತೆಗೆದು ಓದಿದರು.

"ಇದು ಸಂಭ್ರಮದ ಧ್ವಜವಲ್ಲ. ಮಡಿದವರ ಗೌರವಾರ್ಥ ಈ ಸಮಾರಂಭದಲ್ಲಿ ಹೂವು, ಹಾರ, ವಾದ್ಯ, ಚಪ್ಪಾಳೆ ಇರತಕ್ಕದ್ದಲ್ಲ. ತಪ್ಪಿದಲ್ಲಿ ಸಂಬಂಧಪಟ್ಟ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ರಾಜಣ್ಣ ತಲೆಯೆತ್ತಿ ಕಂಬದ ತುದಿ ನೋಡಿದ. ಬೂದಿ ಬಣ್ಣದ ಗಂಟು ಉಬ್ಬಿಕೊಂಡು ಕೂತಿತ್ತು. ಈ ಕಾಗದ ಕಚೇರಿಗೆ ಬಂದು ಎಷ್ಟು ದಿನವಾಗಿತ್ತೋ, ಅದನ್ನು ಬಾವುಟ ಕಟ್ಟುವವನಿಗೆ ಓದಿ ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತು.

ಮ್ಯಾನೇಜರ್ ಮೈಕು ಬಿಟ್ಟು ಈಚೆ ಬಂದದ್ದೇ ರಾಜಣ್ಣ ಅವರ ಬೆನ್ನ ಹಿಂದೆ ಹೋಗಿ ನಿಂತ.

"ಸಾರ್, ತೆಪ್ಪಾಗೋಯ್ತು. ಹೂವ ಕಟ್ಬುಟ್ಟಿವ್ನಿ."

"ಎಲ್ಲಿಗೆ?"

"ಬಾವುಟ್ದೊಳ್ಗೇ ಸಾರ್."

ಮಲ್ಲಿಕಾರ್ಜುನಸ್ವಾಮಿಯ ಮುಖ ಬಿಳಿಚಿತು. ಮೇಡಂ ಕಡೆ ಒಮ್ಮೆ, ಕಂಬದ ಕಡೆ ಒಮ್ಮೆ ನೋಡಿದರು.

"ಇಳ್ಸಯ್ಯಾ ಅದ್ನ."

"ಎಂಗ್ ಇಳ್ಸನ ಸಾರ್? ಎಲ್ಲ್ರೂ ಮೊಬೈಲ ಇಡ್ಕಂಡು ಕುಂತವ್ರೆ. ಏರ್ಸಿದ್ ಬಾವುಟವ ಆರ್ಸ್ದೆ ಇಳ್ಸುದ್ರು ಅಂತ ಅದೊಂದ್ ಆಯ್ತದೆ."

ಅದು ನಿಜವೇ. ಮ್ಯಾನೇಜರ್ ಸ್ವಲ್ಪ ಹೊತ್ತು ಯೋಚಿಸಿದರು. ಯೋಚಿಸಿದ್ದು ಕಚೇರಿಗಾಗಿ ಅಲ್ಲ.

"ನೋಡು ರಾಜಣ್ಣ, ನೀನು ನಂಗೇನೂ ಹೇಳ್ಲಿಲ್ಲ. ನಾನೇನೂ ಕೇಳಿಸ್ಕೊಳ್ಲಿಲ್ಲ. ತಿಳೀತಾ? ಹೋಗು, ಹಗ್ಗದ ಹತ್ರ ನಿಂತ್ಕೋ."

ರಾಜಣ್ಣ ಹೋಗಿ ನಿಂತ. ಕೆಲಸ ಹೋದರೆ ಮನೆಗೆ ಹೋಗಿ ಸುಂದ್ರಮ್ಮನಿಗೆ ಏನು ಹೇಳುವುದು? ನೀನು ಕೊಟ್ಟ ಹೂವಿನಿಂದಲೇ ಹೋಯಿತು ಅನ್ನುವುದೇ? ಅದು ಹಾಗಿರಲಿ. ಈ ಜನ? ಎಳೆಯುವ ಹಗ್ಗದ ತುದಿಯಲ್ಲಿ ಹಬ್ಬದ ಹೂವು ಸುರಿದರೆ, ನಮ್ಮ ಹೆಣಗಳ ಮೇಲೆ ನಿಮಗೆ ಹಬ್ಬವಾ ಅಂತ ಇವರು ಎದ್ದು ನಿಂತರೆ? ಮುಂದಿನ ಸಾಲಿನಲ್ಲಿದ್ದ ಗಂಡಸರ ಕೈಗಳನ್ನು ನೋಡಿದ. ಗುದ್ದಲಿ ಹಿಡಿದು ಕಾಯಿಗಟ್ಟಿದ ಕೈಗಳು.

ಬಾವುಟವನ್ನು ಅಧಿಕಾರಿಗಳು ಹಾರಿಸುವಂತಿರಲಿಲ್ಲ, ಸತ್ತವರ ಮನೆಯವರೇ ಹಾರಿಸಬೇಕಿತ್ತು. ಸಣ್ಣತಾಯಮ್ಮ ಎಂದು ಮೈಕಿನಲ್ಲಿ ಹೆಸರು ಕರೆದರು. ಇದೇ ತಾಲ್ಲೂಕಿನ ಮದ್ದೂರಿನ ಕಡೆಯ, ಕಾಡಂಚಿನ ಒಂದು ಹಳ್ಳಿಯವಳು. ಮಗ ಪುಟ್ಟಮಾದು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಮೈ ಬಿಸಿ ಎಂದು ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ. ಮುದುಕಿ ಬರಿಗಾಲಲ್ಲಿ ನಿಧಾನವಾಗಿ ನಡೆದು ಕಂಬದ ಹತ್ತಿರ ಬಂದಳು. ಮಡಿಲಲ್ಲಿದ್ದ ಫೋಟೋವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ರಾಜಣ್ಣ ಹಗ್ಗ ಕೊಡುವ ನೆಪದಲ್ಲಿ ಬಗ್ಗಿ ಪಿಸುಗುಟ್ಟಿದ.

"ಅವ್ವಾ, ಮೆತ್ಗೆ ಎಳೀರಿ. ನಿಮ್ಮ ದಮ್ಮಯ್ಯ, ಜೋರಾಗ್ ಎಳೀಬ್ಯಾಡಿ."

"ಜೋರಾಗ್ ಎಳ್ಯಕೆ ನನ್ ಕೈಲಿ ಏನಪ್ಪಾ ಅದೆ" ಅಂದಳು ಅವಳು.

ಎಳೆದಳು. ಗಂಟು ಜಾರಲಿಲ್ಲ. ಮತ್ತೆ ಎಳೆದಳು. ಇಲ್ಲ. ಬೆಳಿಗ್ಗೆ ಹೆದರಿ ಬಿಗಿದ ಗಂಟು! ರಾಜಣ್ಣ ಮನಸ್ಸಿನಲ್ಲೇ ಬೆಟ್ಟದ ಗೋಪಾಲಸ್ವಾಮಿಗೆ ಕೈ ಮುಗಿದ. ಬಿಚ್ಚಿಕೊಳ್ಳದಿದ್ದರೆ ಬಿಚ್ಚಿಕೊಳ್ಳಲಿಲ್ಲ ಎಂದಾಗುತ್ತದೆ, ಬೈಗುಳ ತಿಂದರಾಯಿತು, ಬೈಗುಳದಿಂದ ಯಾರೂ ಸತ್ತಿಲ್ಲ. ಆದರೆ ಅಷ್ಟರಲ್ಲಿ ಮೇಡಂ ಕಣ್ಣು ಇವನ ಮೇಲೆ ಬಿತ್ತು.

"ಏನ್ರೀ ನೋಡ್ತಾ ನಿಂತಿದ್ದೀರಿ? ಅಜ್ಜಿಗೆ ಕೈ ಜೋಡಿಸಿ."

ಕೈ ಜೋಡಿಸದೆ ಗತಿಯಿರಲಿಲ್ಲ. ಆ ತೊಗಲು ಜೋತ ಕೈಗಳ ಮೇಲೆ ತನ್ನ ಕೈ ಇಟ್ಟ. ಕಣ್ಣು ಮುಚ್ಚಿ ಒಂದೇ ಸಲ ಜಗ್ಗಿದ.

ಗಂಟು ಬಿಚ್ಚಿತು. ಕೇಸರಿ ಹಳದಿ ಎಸಳುಗಳು ರಾಶಿಯಾಗಿ ಬಿದ್ದವು. ಸಣ್ಣತಾಯಮ್ಮನ ನೆತ್ತಿಯ ಮೇಲೆ, ಹೆಗಲ ಮೇಲೆ, ಸೊಂಟದ ಫೋಟೋದ ಮೇಲೆ ಬಿದ್ದವು. ಮಿಕ್ಕವನ್ನು ಗಾಳಿ ಶಾಮಿಯಾನದ ಕಡೆಗೆ ತಳ್ಳಿತು. ಬಾವುಟ ಬಿಳಿ ಪಟ್ಟಿ ಮೇಲಾಗಿ ಸರಿಯಾಗಿಯೇ ಹಾರುತ್ತಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ.

ಯಾರೋ ಒಬ್ಬ ಕುರ್ಚಿಯಿಂದ ಎದ್ದ ಸದ್ದಾಯಿತು. ಮತ್ತೊಬ್ಬ ಎದ್ದ. ರಾಜಣ್ಣ ಕತ್ತನ್ನು ಹೆಗಲೊಳಗೆ ಎಳೆದುಕೊಂಡ. ಏಟು ಎಲ್ಲಿಂದ ಬೀಳುತ್ತದೋ ಎಂದು ಕಾದ.

"ಯಾರಪ್ಪಾ ಹೂವ ಕಟ್ಟಿದ್ದು?" ಸಣ್ಣತಾಯಮ್ಮ ಕೇಳಿದಳು.

"ಇವ್ನೇ ಕಣಮ್ಮ, ಇವ್ನೇ!" ಏನನ್ನೂ ಕೇಳಿಸಿಕೊಳ್ಳದಿದ್ದ ಮಲ್ಲಿಕಾರ್ಜುನಸ್ವಾಮಿಗೆ ಇದೊಂದು ಮಾತ್ರ ಚೆನ್ನಾಗಿ ಕೇಳಿಸಿತ್ತು.

"ನಾನೇ ಕಣವ್ವ" ಎಂದ ರಾಜಣ್ಣ. "ಗೊತ್ತಾಗ್ನಿಲ್ಲ. ತೆಪ್ಪಾಯ್ತು, ಒಟ್ಟೆಗಾಕ್ಕಳಿ."

ಮುದುಕಿ ಕೈ ಎತ್ತಿದಳು. ಹೊಡೆಯುತ್ತಾಳೆ ಎಂದು ಅವನು ಕಣ್ಣು ಮುಚ್ಚಿದ. ಅವಳು ಅವನ ತೋಳು ಹಿಡಿದುಕೊಂಡಳು, ಬೀಳದಿರಲು ಆಸರೆ ಹಿಡಿಯುವ ಹಾಗೆ.

"ಆ ವರ್ಸ ಹೂವ ತುಂಬ್ಕಂಡೋಗ ಕೇರಳದ್ ಲಾರಿ ಬರ್ನಿಲ್ಲ ಕಣಪ್ಪ. ಒಲದ್ ತುಂಬ ಚೆಂಡೂವು ಗಿಡ್ದಲ್ಲೇ ಕೊಳ್ತೋಯ್ತು. ಟ್ರಾಕ್ಟ್ರಲ್ಲಿ ಉತ್ಬುಟ್ಟೊ. ಅಷ್ಟ್ ಹೂವ ಇಟ್ಕಂಡು, ನನ್ ಕೂಸಿನ್ ಮ್ಯಾಲೆ ಒಂದ್ ಎಸಳ ಹಾಕಕ್ಕಾಗ್ನಿಲ್ಲ. ಯಾವ್ದೋ ಕವರ್ನಲ್ಲಿ ಸುತ್ತಿ, ಜೆಸಿಬಿಲಿ ಮಣ್ಣ ತಳ್ಬುಟ್ರು. ನಾನು ರೋಡಲ್ ನಿಂತಿದ್ದಿ."

ಅಷ್ಟು ಹೇಳಿ ಅವಳು ನೆಲದ ಮೇಲೆ ಕೂತಳು. ಸೊಂಟದಿಂದ ಫೋಟೋ ತೆಗೆದು ಕಂಬದ ಬುಡಕ್ಕೆ ಒರಗಿಸಿದಳು. ಬಿದ್ದಿದ್ದ ಎಸಳುಗಳನ್ನು ಆರಿಸಿ ಆರಿಸಿ ಮಗನ ಮೇಲೆ ಹಾಕತೊಡಗಿದಳು. ಆಗ ಅವಳು ಅತ್ತಳು. ಎದೆ ಹೊಡೆದುಕೊಂಡು, ಮಗನ ಹೆಸರು ಕರೆದು, ಹೆಣದ ಮುಂದೆ ಅಳುವ ಹಾಗೆಯೇ ಅತ್ತಳು.

ಕುರ್ಚಿಗಳಿಂದ ಎದ್ದಿದ್ದವರು ಬಂದರು. ಹೊಡೆಯಲು ಅಲ್ಲ. ಹೆಂಗಸರು ಬಂದರು, ಆಮೇಲೆ ಆ ಕಾಯಿಗಟ್ಟಿದ ಕೈಯ ಗಂಡಸರೂ ಬಂದರು. ಒಬ್ಬೊಬ್ಬರೂ ಬಗ್ಗಿ ಮೂರೋ ನಾಲ್ಕೋ ಎಸಳು ಆರಿಸಿಕೊಂಡು ತಮ್ಮ ತಮ್ಮವರ ಫೋಟೋಗಳನ್ನು ಕಂಬದ ಸುತ್ತ ಇಟ್ಟು ಅವುಗಳ ಮೇಲೆ ಹಾಕಿದರು. ಮೇಡಂ ಮುಖದಲ್ಲಿ ಏನಿತ್ತೋ, ರಾಜಣ್ಣನಿಗೆ ತಿರುಗಿ ನೋಡುವ ಧೈರ್ಯವಿರಲಿಲ್ಲ.

ಎರಡು ಬೊಗಸೆ ಹೂವು ಎಷ್ಟು ಜನಕ್ಕೆ ಬಂದೀತು? ನೆಲ ಬರಿದಾಗಿತ್ತು. ಎಲ್ಲರಿಗಿಂತ ಹಿಂದೆ ಫೋಟೋ ಹಿಡಿದು ಬಂದವರು ಮೆಹರುನ್ನಿಸಾ. ಅವರ ಗಂಡ ಜಿಯಾವುಲ್ಲಾ ಪೇಟೆಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದವರು. ರಾಜಣ್ಣನ ಮನೆಯ ಬೀಗವನ್ನೂ ಅವರೇ ಮಾಡಿಕೊಟ್ಟಿದ್ದರು. ಮೆಹರುನ್ನಿಸಾ ಮಣ್ಣಿನಲ್ಲಿ ಅಲ್ಲಿ ಇಲ್ಲಿ ನೋಡಿ, ಏನೂ ಸಿಗದೆ ಅವನ ಕಡೆ ತಿರುಗಿದರು.

"ರಾಜಣ್ಣಾ, ಖಬರಸ್ತಾನ್ ಒಳಗೆ ನಮ್ಮನ್ನ ಬಿಡ್ಲೇ ಇಲ್ಲ. ಇವರ ಮೇಲೂ ಯಾರೂ ಹೂವು ಹಾಕಿಲ್ಲ. ಎರಡೇ ಎರಡು ಎಸಳು ಸಿಗ್ತದಾ?"

ರಾಜಣ್ಣ ತನ್ನ ಅಂಗಿ ಕೊಡವಿ ನೋಡಿದ. ಕವರನ್ನು ತಿರುಗಿಸಿ ನೋಡಿದ. ಒಂದೂ ಇರಲಿಲ್ಲ.

"ಈಗ್ ಬತ್ತೀನಿ ಇರಕ್ಕಾ" ಎಂದವನೇ ಗೇಟಿನ ಕಡೆ ಹೊರಟ.

"ಲೇ ರಾಜಣ್ಣ! ಪ್ರೋಗ್ರಾಂ ಮುಗ್ದಿಲ್ಲ, ಮೇಡಂ ಇಲ್ಲೇ ಇದ್ದಾರೆ, ಎಲ್ಲಿಗ್ ಹೋಗ್ತಿದೀಯ?" ಮಲ್ಲಿಕಾರ್ಜುನಸ್ವಾಮಿಯ ಕೂಗು ಬೆನ್ನ ಮೇಲೆ ಬಿತ್ತು.

ಹೇಳದೆ ಕೇಳದೆ ಡ್ಯೂಟಿ ಬಿಟ್ಟು ಅವನು ಹುಟ್ಟಿದಾಗಿನಿಂದ ಹೋದವನಲ್ಲ. ಹೆದರಿಕೆ ಹೋಗಿತ್ತು ಎಂದೇನೂ ಇಲ್ಲ. ಹೆದರಿಕೊಂಡೇ ಓಡಿದ.

ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿಯಲ್ಲಿ ರಂಜಿನಿ ಎಂಬ ಹುಡುಗಿ ಹೂವು ಮಾರುತ್ತಿದ್ದಳು. ಏದುಸಿರು ಬಿಡುತ್ತ ಬಂದು ನಿಂತವನನ್ನು ನೋಡಿ ಕಟ್ಟಿದ ಮಾಲೆಗೆ ಕೈ ಹಾಕಿದಳು.

"ಮಾಲೆ ಬ್ಯಾಡ ಕಣಮ್ಮಿ. ಬುಡಿ ಹೂವ ಕೊಡು."

ಬಿಡಿ ಹೂವು ಅಂದ ಮೇಲೆ ಅವಳಿಗೆ ಅರ್ಥವಾಯಿತು. ಹೆಣದ ಮುಂದೆ ಎರಚಲು ಒಯ್ಯುವವರೇ ಹಾಗೆ ಕೇಳುವುದು. ತಕ್ಕಡಿ ಎತ್ತಿಕೊಂಡು ದನಿ ತಗ್ಗಿಸಿದಳು.

"ಯಾರಣ್ಣಾ ತೀರ್ಕಂಡಿದ್ದು?"

ರಾಜಣ್ಣ ಯಾರ ಹೆಸರು ಅಂತ ಹೇಳಿಯಾನು? ತಕ್ಕಡಿಯನ್ನು ಕೈಯಿಂದ ಪಕ್ಕಕ್ಕೆ ಸರಿಸಿದ.

"ಬೋ ಜನ ಕಣವ್ವಾ. ಇರೋದ್ನೆಲ್ಲಾ ಕೊಟ್ಬುಡು."